ಹೊನ್ನಿನಲ್ಲಿ ಕನ್ನಡ ನಾಡಿನ ಚರಿತ್ರೆಯನ್ನು ಓದಿದವರು: ಸರ್ ವಾಲ್ಟರ್ ಎಲಿಯಟ್

ನಮ್ಮ ಅನೇಕ ಕನ್ನಡ ಮನೆಗಳಲ್ಲಿ, ಅವು ಮುಂಬಯಿಯಲ್ಲಿರಲಿ, ಚೆನ್ನೈಯಲ್ಲಿರಲಿ, ದೇವರ ಪೆಟ್ಟಿಗೆಯ ಒಂದು ಮೂಲೆಯಲ್ಲಿ ಅರಿಶಿನ ಕುಂಕುಮ ಮೆತ್ತಿದ ಹಳೆಯ ನಾಣ್ಯವೊಂದು ಇರುವುದುಂಟು. ಅಜ್ಜಿಯ ಕಾಲದಿಂದ ಬಂದದ್ದು ಎಂಬುದೊಂದೇ ಅದರ ಪರಿಚಯ. ಅದನ್ನು ಯಾರು ಅಚ್ಚು ಹಾಕಿಸಿದರು, ಅದರ ಮೇಲಿನ ಚಿತ್ರ ಯಾವುದು, ಅಕ್ಷರ ಯಾವ ಲಿಪಿಯದು ಎಂದು ಕೇಳಿದರೆ ಉತ್ತರಿಸಬಲ್ಲವರು ವಿರಳ. ಇಂಥ ಪ್ರಶ್ನೆಗಳನ್ನು ದಕ್ಷಿಣ ಭಾರತದ ನಾಣ್ಯಗಳ ವಿಷಯದಲ್ಲಿ ಮೊದಮೊದಲು ಕ್ರಮಬದ್ಧವಾಗಿ ಕೇಳಿ, ಉತ್ತರ ಹುಡುಕಲು ಒಂದು ಜೀವಮಾನವನ್ನೇ ವಿನಿಯೋಗಿಸಿದವರು ಸರ್ ವಾಲ್ಟರ್ ಎಲಿಯಟ್. ಅವರು ವೃತ್ತಿಯಿಂದ ವಿದ್ವಾಂಸರಲ್ಲ. ಈಸ್ಟ್ ಇಂಡಿಯಾ ಕಂಪನಿಯ ಕಂದಾಯದ ಅಧಿಕಾರಿ. ನಾಣ್ಯ ಸಂಗ್ರಹ ಅವರ ಬಿಡುವಿನ ಹವ್ಯಾಸ. ಆ ಹವ್ಯಾಸ ಬೆಳೆದದ್ದು ನಮ್ಮ ಧಾರವಾಡದ ನೆಲದಲ್ಲಿ.

ಎಲಿಯಟ್ ಅವರು ಹುಟ್ಟಿದ್ದು 1803ರ ಜನವರಿಯಲ್ಲಿ, ಸ್ಕಾಟ್ಲೆಂಡಿನಲ್ಲಿ. ಅವರದು ವುಲ್ಫ್‌ಲೀ ಎಂಬ ಊರಿನ ಜಮೀನುದಾರ ಮನೆತನ. ಕಂಪನಿಯ ನೌಕರಿಗೆ ತರಬೇತಿ ನೀಡುತ್ತಿದ್ದ ಹೇಲಿಬರಿ ಕಾಲೇಜಿನಲ್ಲಿ ಓದಿ, 1821ರಲ್ಲಿ ಮದರಾಸಿಗೆ ಬಂದಿಳಿದರು. ದಕ್ಷಿಣ ಭಾರತದ ಹಸ್ತಪ್ರತಿ, ಶಾಸನ, ನಾಣ್ಯಗಳನ್ನು ರಾಶಿರಾಶಿಯಾಗಿ ಕೂಡಿಹಾಕಿದ್ದ ಕರ್ನಲ್ ಕಾಲಿನ್ ಮೆಕೆಂಜಿ ತೀರಿಕೊಂಡದ್ದು ಅದೇ ವರ್ಷ. ಒಬ್ಬರು ಕೈಬಿಟ್ಟ ಕಾರ್ಯವನ್ನು ಮತ್ತೊಬ್ಬರು ಎತ್ತಿಕೊಳ್ಳಲೆಂದೇ ಬಂದಂತಾಯಿತು ಎಂದು ಇಂದು ನಮಗೆ ತೋರುತ್ತದೆ. ಆದರೆ ಹದಿನೆಂಟರ ಆ ತರುಣನಿಗೆ ಅಂಥ ಯಾವ ಸಂಕಲ್ಪವೂ ಆಗ ಇರಲಿಲ್ಲ.

ಕೆಲಕಾಲದಲ್ಲಿಯೇ ಅವರಿಗೆ ಧಾರವಾಡ ಸೀಮೆಗೆ ವರ್ಗವಾಯಿತು. ಪೇಶ್ವೆಯ ಪತನದ ನಂತರ ಕಂಪನಿಯ ವಶಕ್ಕೆ ಬಂದಿದ್ದ ಆ ಪ್ರದೇಶವನ್ನು ಇಂಗ್ಲಿಷರು ದಕ್ಷಿಣ ಮರಾಠಾ ಸೀಮೆ ಎಂದು ಕರೆಯುತ್ತಿದ್ದರು. ಹೆಸರು ಮರಾಠರದಾದರೂ ಅಲ್ಲಿಯ ಜನದ ಮಾತು ಕನ್ನಡ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ನಡೆದ ಕಾಳಗ ಕನ್ನಡಿಗರೆಲ್ಲರಿಗೂ ತಿಳಿದದ್ದೇ. ದತ್ತು ಪುತ್ರನ ಹಕ್ಕನ್ನು ಕಂಪನಿ ನಿರಾಕರಿಸಿದಾಗ ರಾಣಿ ಚೆನ್ನಮ್ಮನ ಸೈನ್ಯ ಎದುರು ನಿಂತಿತು; ಕಲೆಕ್ಟರ್ ಥ್ಯಾಕರೆ ಅಂದು ಹತನಾದನು. ಅವನ ಸಹಾಯಕರಾಗಿದ್ದ ಸ್ಟೀವನ್ಸನ್ ಮತ್ತು ಎಲಿಯಟ್ ಸೆರೆಸಿಕ್ಕರು. ಎಲಿಯಟ್ ಅವರಿಗೆ ಆಗ 21 ವರ್ಷ. ಹಲವು ವಾರಗಳ ಕಾಲ ಅವರು ಕಿತ್ತೂರಿನ ಸೆರೆಯಲ್ಲಿದ್ದರು. ಸೆರೆಯಾಳುಗಳ ಪ್ರಾಣಕ್ಕೆ ಅಪಾಯವಾಗಲಿಲ್ಲ; ಡಿಸೆಂಬರಿನಲ್ಲಿ ಅವರನ್ನು ಬಿಟ್ಟುಕೊಡಲಾಯಿತು. ಮುಂದೆ ಕೋಟೆ ಬಿದ್ದು, ಚೆನ್ನಮ್ಮ ತಾನೇ ಬೈಲಹೊಂಗಲದಲ್ಲಿ ಸೆರೆಯಾಗಿ 1829ರಲ್ಲಿ ಕೊನೆಯುಸಿರೆಳೆದಳು. ಅಂದು ಉಳಿದ ಆ ತರುಣ ಜೀವ ಮುಂದೆ ಕನ್ನಡ ನಾಡಿನ ಮರೆತುಹೋದ ಅರಸರನ್ನು ಹುಡುಕುವುದರಲ್ಲಿ ಸವೆಯಿತು ಎಂಬುದು ಚರಿತ್ರೆಯ ಒಂದು ವಿಚಿತ್ರ ಋಣಾನುಬಂಧ.

ಬಿಡುಗಡೆಯ ನಂತರವೂ ಎಲಿಯಟ್ ಅವರು ಆ ಸೀಮೆಯನ್ನು ಬಿಡಲಿಲ್ಲ. 1833ರವರೆಗೆ ಅಲ್ಲಿಯೇ ಇದ್ದರು. ಕಂದಾಯದ ಕೆಲಸಕ್ಕಾಗಿ ಹಳ್ಳಿಯಿಂದ ಹಳ್ಳಿಗೆ ಸಂಚರಿಸುವಾಗ ಗುಡಿಗಳ ಅಂಗಳದಲ್ಲಿ, ಕೆರೆಯ ಏರಿಯ ಮೇಲೆ ನಿಂತಿದ್ದ ಶಿಲಾಶಾಸನಗಳು ಅವರ ಕಣ್ಣಿಗೆ ಬಿದ್ದವು. ಹಳಗನ್ನಡ ಲಿಪಿಯನ್ನು ಓದಬಲ್ಲವರು ಆಗಲೇ ಕಡಿಮೆಯಾಗಿದ್ದರು. ಎಲಿಯಟ್ ಅವರು ದೇಶೀಯ ಸಹಾಯಕರ ನೆರವಿನಿಂದ ಐನೂರಕ್ಕೂ ಹೆಚ್ಚು ಶಾಸನಗಳನ್ನು ಪ್ರತಿ ಮಾಡಿಸಿದರು. ಅವುಗಳ ಆಧಾರದ ಮೇಲೆ ಬರೆದ ದೀರ್ಘ ಲೇಖನ 1837ರಲ್ಲಿ ಲಂಡನ್ನಿನ ರಾಯಲ್ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಕಲ್ಯಾಣದ ಚಾಲುಕ್ಯರು, ಕಳಚುರಿಗಳು, ಯಾದವರು ಮೊದಲಾದ ವಂಶಗಳ ಅರಸರು ಕಾಲಾನುಕ್ರಮದಲ್ಲಿ ವಿದ್ವತ್ ಪ್ರಪಂಚದ ಮುಂದೆ ಬಂದದ್ದು ಆ ಲೇಖನದಿಂದ. ಜೇಮ್ಸ್ ಪ್ರಿನ್ಸೆಪ್ ಕಲ್ಕತ್ತೆಯಲ್ಲಿ ಬ್ರಾಹ್ಮೀ ಲಿಪಿಯ ಗುಟ್ಟನ್ನು ಬಿಡಿಸಿದ್ದೂ ಅದೇ ವರ್ಷ. ಮುಂದೆ ಫ್ಲೀಟ್ ಮೊದಲಾದ ವಿದ್ವಾಂಸರು ಕನ್ನಡ ಶಾಸನಗಳನ್ನು ಪರಿಷ್ಕರಿಸುವಾಗ ಎಲಿಯಟ್ ಅವರ ಪ್ರತಿಗಳನ್ನು ಮತ್ತೆ ಮತ್ತೆ ತೆರೆದು ನೋಡಿದರು.

ಶಾಸನದ ಜೊತೆಯಲ್ಲಿಯೇ ನಾಣ್ಯದ ಆಸಕ್ತಿ ಬೆಳೆಯಿತು. ಅದಕ್ಕೆ ಕಾಲವೂ ಒಂದು ಕಾರಣ. ಮದರಾಸು ಪ್ರಾಂತದಲ್ಲಿ ಶತಮಾನಗಳಿಂದ ನಡೆದುಬಂದಿದ್ದ ವರಾಹ, ಹಣ, ಕಾಸುಗಳ ಪದ್ಧತಿಯನ್ನು ಬಿಟ್ಟು ಕಂಪನಿ ಸರಕಾರ 1818ರಲ್ಲಿ ಬೆಳ್ಳಿಯ ರೂಪಾಯಿಯನ್ನು ಮುಖ್ಯ ನಾಣ್ಯವನ್ನಾಗಿ ಮಾಡಿತು. 1835ರಲ್ಲಿ ಕಂಪನಿಯ ಆಡಳಿತದ ಪ್ರದೇಶಕ್ಕೆಲ್ಲ ಒಂದೇ ಬಗೆಯ ರೂಪಾಯಿ ಬಂತು. ಚಲಾವಣೆ ತಪ್ಪಿದ ಹೊನ್ನಿಗೆ ತೂಕದ ಬೆಲೆಯಷ್ಟೇ ಉಳಿಯಿತು. ಸರಾಫರ ಅಂಗಡಿಗೆ ಬಂದ ಹಳೆಯ ಗದ್ಯಾಣ ಅಕ್ಕಸಾಲಿಗನ ಮೂಸೆಗೆ ಹೋಗಿ ಬಳೆಯೋ ಸರವೋ ಆಗಿ ಹೊರಬರುತ್ತಿತ್ತು. ಕಲ್ಲಿನ ಶಾಸನ ಬಿಸಿಲು ಮಳೆಗೆ ನಿಂತು ನೂರು ವರ್ಷ ಕಾಯಬಲ್ಲದು. ಹೊನ್ನಿನ ನಾಣ್ಯ ಒಂದು ಮಧ್ಯಾಹ್ನದಲ್ಲಿ ಕರಗಿಹೋಗುತ್ತದೆ. ಆದ್ದರಿಂದ ಈ ಹವ್ಯಾಸದಲ್ಲಿ ತಡಮಾಡುವಂತಿರಲಿಲ್ಲ.

ಅವರ ಕ್ರಮವನ್ನು ಇಂದಿನ ಹವ್ಯಾಸಿಗಳೂ ಅರಿತುಕೊಳ್ಳುವುದು ಲಾಭಕರ. ನಾಣ್ಯವನ್ನು ಮೊದಲು ತೂಗಬೇಕು. ವಿಜಯನಗರದ ವರಾಹ ಸುಮಾರು 3.4 ಗ್ರಾಂ ತೂಗುತ್ತದೆ. ಅದರ ಹತ್ತನೆಯ ಒಂದು ಭಾಗ ಹಣ. ಅದಕ್ಕೂ ಹಿಂದಿನ ಗದ್ಯಾಣಗಳು ಸ್ವಲ್ಪ ಹೆಚ್ಚು ತೂಗುವುದುಂಟು. ತೂಕದ ನಂತರ ನಾಣ್ಯ ತಯಾರಾದ ಬಗೆಯನ್ನು ನೋಡಬೇಕು. ಪದ್ಮಟಂಕವೆಂದು ಹೆಸರಾದ ಹಳೆಯ ಹೊನ್ನುಗಳ ನಡುವೆ ಕಮಲದ ಗುರುತು, ಸುತ್ತಲೂ ಬೇರೆ ಬೇರೆ ಮುದ್ರೆಗಳು ಇರುತ್ತವೆ. ಒಂದೊಂದು ಗುರುತನ್ನೂ ಪ್ರತ್ಯೇಕ ಮೊಳೆಯಿಂದ ಒತ್ತಿದ್ದರಿಂದ ತೆಳುವಾದ ಬಿಲ್ಲೆ ಬಟ್ಟಲಿನಂತೆ ಕುಳಿಬಿದ್ದಿರುತ್ತದೆ. ಮೇಲೂ ಕೆಳಗೂ ಎರಡು ಅಚ್ಚುಗಳ ನಡುವೆ ಇಟ್ಟು ಹೊಡೆದ ನಾಣ್ಯದ ರೂಪವೇ ಬೇರೆ. ಈ ವ್ಯತ್ಯಾಸವನ್ನು ಅರಿಯದೆ ಕೇವಲ ಚಿತ್ರವನ್ನು ನಂಬಿದರೆ ಕಾಲನಿರ್ಣಯದಲ್ಲಿ ಶತಮಾನಗಳ ತಪ್ಪಾಗುತ್ತದೆ.

ಮೂರನೆಯದು ಅಕ್ಷರ. ಇದಕ್ಕೆ ಹೊಯ್ಸಳರ ಹೊನ್ನಿಗಿಂತ ಉತ್ತಮ ನಿದರ್ಶನವಿಲ್ಲ. ಅದರ ಮುಂಬದಿಯಲ್ಲಿ ಸಿಂಹ. ಹಿಂಬದಿಯಲ್ಲಿ ಮೂರು ಸಾಲಿನ ಕನ್ನಡ ಬರಹ. ಆದರೆ ಅಲ್ಲಿ ಅರಸನ ಹೆಸರೇ ಇಲ್ಲ! ಕೆಲವುಗಳಲ್ಲಿ ಶ್ರೀ ತಳಕಾಡುಗೊಂಡ ಎಂದಿದೆ, ಕೆಲವುಗಳಲ್ಲಿ ಶ್ರೀ ನೊಣಂಬವಾಡಿಗೊಂಡ ಎಂದಿದೆ. ಚೋಳರಿಂದ ತಲಕಾಡನ್ನು ಸುಮಾರು 1116ರಲ್ಲಿ ಗೆದ್ದವನು ವಿಷ್ಣುವರ್ಧನ. ತಳಕಾಡುಗೊಂಡ ಎಂಬುದು ಆತನ ಬಿರುದು ಎಂದು ಶಾಸನಗಳು ತಿಳಿಸುತ್ತವೆ. ಶಾಸನವನ್ನು ಓದಿದವನಿಗೆ ಮಾತ್ರ ನಾಣ್ಯ ತನ್ನ ಒಡೆಯನ ಹೆಸರನ್ನು ಹೇಳುತ್ತದೆ. ಎಲಿಯಟ್ ಅವರ ಹಿರಿಮೆ ಇರುವುದು ಇಲ್ಲಿಯೇ. ನಾಣ್ಯವನ್ನು ಒಂಟಿಯಾಗಿ ನೋಡದೆ, ಶಾಸನದ ಪಕ್ಕದಲ್ಲಿಟ್ಟು ನೋಡುವ ಅಭ್ಯಾಸ ಅವರದಾಗಿತ್ತು. ಗೋವೆಯ ಕದಂಬರ ಸಿಂಹಲಾಂಛನದ ಹೊನ್ನುಗಳೂ ಹೀಗೆಯೇ. ಅವುಗಳ ನಾಗರೀ ಬರಹದಲ್ಲಿ ಬರುವ ಸಪ್ತಕೋಟೀಶ್ವರನ ಹೆಸರು ಆ ವಂಶದ ಶಾಸನಗಳಲ್ಲಿಯೂ ಬರುತ್ತದೆ.

ನಾಲ್ಕನೆಯದಾಗಿ, ಎರಡೂ ಬದಿಯನ್ನು ನೋಡದೆ ತೀರ್ಮಾನಿಸಬಾರದು. ಉಮಾಮಹೇಶ್ವರರ ಚಿತ್ರವಿರುವ ವರಾಹವನ್ನು ಕಂಡೊಡನೆ ಅದು ವಿಜಯನಗರದ್ದೆಂದು ಹೇಳಿಬಿಡುವವರು ಇಂದಿಗೂ ಇದ್ದಾರೆ. ಆದರೆ ಅದೇ ಚಿತ್ರವನ್ನು ಇಕ್ಕೇರಿಯ ನಾಯಕರು ಮುಂದುವರಿಸಿದರು. ಹಿಂಬದಿಯಲ್ಲಿ ಶ್ರೀ ಸದಾಶಿವ ಎಂದು ಬರೆಯಿಸಿದರು. 1763ರಲ್ಲಿ ಬಿದನೂರನ್ನು ಗೆದ್ದ ಹೈದರ್ ಅಲಿ ಶಿವಪಾರ್ವತಿಯರನ್ನು ಹಾಗೆಯೇ ಉಳಿಸಿಕೊಂಡು, ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲ ಪಾರಸಿ ಅಕ್ಷರವನ್ನು ಹಾಕಿಸಿದನು. ಮುಮ್ಮಡಿ ಕೃಷ್ಣರಾಜ ಒಡೆಯರ ಹೊನ್ನಿನಲ್ಲಿಯೂ ಅದೇ ದೇವದಂಪತಿಗಳಿದ್ದಾರೆ. ಹಿಂದೆ ಶ್ರೀ ಕೃಷ್ಣರಾಜ ಎಂದಿದೆ. ರಾಜ್ಯ ಬದಲಾದರೂ ಸಂತೆಯ ಜನ ನಂಬಿದ ಚಿತ್ರವನ್ನು ಬದಲಿಸಲು ಈ ದೊರೆಗಳು ಮುಂದಾಗಲಿಲ್ಲ. ನಾಣ್ಯ ನಡೆಯುವುದು ನಂಬಿಕೆಯ ಮೇಲೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ರಜೆಯ ನಂತರ 1836ರಲ್ಲಿ ಮರಳಿದ ಎಲಿಯಟ್ ಅವರು ಮದರಾಸಿನ ಗವರ್ನರ್ ಲಾರ್ಡ್ ಎಲ್ಫಿನ್‌ಸ್ಟನ್ ಅವರ ಆಪ್ತ ಕಾರ್ಯದರ್ಶಿಯಾದರು. 1845ರಿಂದ ಗುಂಟೂರು ಮತ್ತು ಉತ್ತರ ಸರಕಾರುಗಳ ಆಡಳಿತ ಅವರ ಪಾಲಿಗೆ ಬಂತು. ಕೃಷ್ಣಾ ತೀರದ ಅಮರಾವತಿಯಲ್ಲಿ ಅದೇ ವರ್ಷ ಅವರು ಅಗೆತ ನಡೆಸಿ ಬೌದ್ಧ ಸ್ತೂಪದ ಸುಣ್ಣಕಲ್ಲಿನ ಶಿಲ್ಪಗಳನ್ನು ಹೊರತೆಗೆದರು. ಆ ಶಿಲ್ಪಗಳು ಕೆಲವು ವರ್ಷ ಮದರಾಸಿನಲ್ಲಿದ್ದು, ಬಳಿಕ ಹಡಗೇರಿ ಲಂಡನ್ನಿಗೆ ಹೋದವು. ಇಂದು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಆಂಧ್ರದ ನೆಲದಲ್ಲಿ ಶಾತವಾಹನರ ಸೀಸದ ನಾಣ್ಯಗಳೂ ಅವರ ಸಂಗ್ರಹಕ್ಕೆ ಸೇರಿದವು. ಸೀಸಕ್ಕೆ ಮಾರುಕಟ್ಟೆಯಲ್ಲಿ ಬೆಲೆಯಿಲ್ಲ. ಆದರೆ ಚರಿತ್ರೆಯ ತಕ್ಕಡಿಯಲ್ಲಿ ಅವು ಹೊನ್ನಿಗೆ ಸಮ. 1854ರಲ್ಲಿ ಮದರಾಸು ಗವರ್ನರರ ಕೌನ್ಸಿಲಿನ ಸದಸ್ಯರಾದ ಮೇಲೆ, ಆ ನಗರದ ಸಾಹಿತ್ಯ ವಿಜ್ಞಾನ ಪತ್ರಿಕೆಯಲ್ಲಿ ತಮ್ಮ ನಾಣ್ಯಗಳನ್ನು ಕುರಿತು ಚಿತ್ರಸಹಿತ ಲೇಖನಗಳನ್ನು ಬರೆದರು. ಪ್ರಾಣಿ ಪಕ್ಷಿಗಳಲ್ಲಿಯೂ ಅವರಿಗೆ ಇಷ್ಟೇ ಆಸಕ್ತಿ. ಧಾರವಾಡ ಸೀಮೆಯ ಪ್ರಾಣಿಗಳ ಪಟ್ಟಿಯೊಂದನ್ನು ಅವರು ಸ್ಥಳೀಯ ಹೆಸರುಗಳೊಡನೆ ಪ್ರಕಟಿಸಿದ್ದರು. ಒಂದು ಬಗೆಯ ಇಲಿಗೂ ಒಂದು ಮರಮೂಗಿಲಿಗೂ ವಿಜ್ಞಾನಿಗಳು ಅವರ ಹೆಸರನ್ನೇ ಇಟ್ಟಿದ್ದಾರೆ.

1860ರಲ್ಲಿ ನಿವೃತ್ತರಾಗಿ ಎಲಿಯಟ್ ಅವರು ಸ್ಕಾಟ್ಲೆಂಡಿನ ತಮ್ಮ ಮನೆತನದ ಊರಿಗೆ ಹಿಂದಿರುಗಿದರು. 1866ರಲ್ಲಿ ಸರ್ ಪದವಿ ಬಂತು. ಆದರೆ ಮುಖ್ಯ ಕೆಲಸ ಇನ್ನೂ ಬಾಕಿಯಿತ್ತು. ನಾಲ್ಕು ದಶಕಗಳಲ್ಲಿ ಕೂಡಿಸಿದ್ದ ನಾಣ್ಯಗಳೆಲ್ಲವನ್ನೂ ಒಂದು ಕ್ರಮದಲ್ಲಿ ವಿವರಿಸುವ ಗ್ರಂಥ ಆಗಬೇಕಾಗಿತ್ತು. ಅಷ್ಟರಲ್ಲಿ ಅವರ ಕಣ್ಣು ಮಂದವಾಗತೊಡಗಿತು. ಕಡೆಗೆ ದೃಷ್ಟಿ ಪೂರ್ಣವಾಗಿ ಹೋಯಿತು. ನಾಣ್ಯವನ್ನು ಓದುವವನಿಗೆ ಕಣ್ಣಿಗಿಂತ ದೊಡ್ಡ ಆಯುಧ ಯಾವುದು? ಕಾಳಿನಷ್ಟು ಚಿಕ್ಕ ಹಣದ ಮೇಲಿನ ಅಕ್ಷರವನ್ನು ಭೂತಗಾಜಿನಿಂದ ಹುಡುಕುವ ವಿದ್ಯೆ ಅದು. ಆದರೂ ಅವರು ಕೆಲಸವನ್ನು ಬಿಡಲಿಲ್ಲ. ದಕ್ಷಿಣ ಭಾರತದ ನಾಣ್ಯಗಳನ್ನು ಕುರಿತ ಅವರ ಗ್ರಂಥ 1885-86ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದಾಗ ಅವರಿಗೆ ಎಂಬತ್ತೆರಡು ದಾಟಿತ್ತು. ಮುದ್ರಾಂಕಿತ ನಾಣ್ಯಗಳಿಂದ ಹಿಡಿದು ಚಾಲುಕ್ಯ, ಕದಂಬ, ಹೊಯ್ಸಳ, ಚೋಳ, ಪಾಂಡ್ಯ, ವಿಜಯನಗರದ ನಾಣ್ಯಗಳವರೆಗೆ ಒಂದೇ ಹೊತ್ತಗೆಯಲ್ಲಿ ಸೇರಿಸಿದ ಆ ಗ್ರಂಥ ಮುಂದಿನ ಎಲ್ಲ ಅಧ್ಯಯನಗಳಿಗೂ ಅಡಿಪಾಯವಾಯಿತು. ಅದರಲ್ಲಿಯ ಕೆಲವು ನಿರ್ಣಯಗಳನ್ನು ನಂತರದ ವಿದ್ವಾಂಸರು ತಿದ್ದಿದ್ದಾರೆ. ಆದರೆ ತಿದ್ದಲು ಒಂದು ಮೊದಲ ಪ್ರತಿ ಬೇಕಾಗಿತ್ತು, ಅದನ್ನು ಕೊಟ್ಟವರು ಎಲಿಯಟ್.

1887ರ ಮಾರ್ಚ್ 1ರಂದು, 84ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಅಂದು ಬೆಳಿಗ್ಗೆಯೂ ತಮಿಳು ವಿದ್ವಾಂಸ ಜಿ. ಯು. ಪೋಪ್ ಅವರಿಗೆ ಹಳೆಯ ತಮಿಳು ಭಾಷೆಯ ವಿಷಯವಾಗಿ ಒಂದು ಪತ್ರವನ್ನು ಬರೆಯಿಸಿದ್ದರು. ಸಂಜೆಗೆ ಅವರಿರಲಿಲ್ಲ.

ಎಲಿಯಟ್ ಅವರ ಸಂಗ್ರಹದ ನಾಣ್ಯಗಳು ಇಂದು ಲಂಡನ್ನಿನಲ್ಲಿವೆ. ಅವು ನಮ್ಮ ನಾಡಿನಿಂದ ಹೋದವು ಎಂಬ ನೋವು ಸಹಜವಾದದ್ದು. ಆಳುವವರ ಕೈಯಲ್ಲಿ ಅಧಿಕಾರವಿದ್ದ ಕಾಲದಲ್ಲಿ ಆದ ಸಂಗ್ರಹ ಅದು ಎಂಬುದನ್ನು ಮರೆಯಲಾಗದು. ಅವರು ಸಂಗ್ರಹಿಸದಿದ್ದಲ್ಲಿ ಅವುಗಳಲ್ಲಿ ಎಷ್ಟೋ ಮೂಸೆಯ ಪಾಲಾಗುತ್ತಿದ್ದವು ಎಂಬುದೂ ಅಷ್ಟೇ ನಿಜ. ಎರಡು ಮಾತುಗಳನ್ನೂ ಒಟ್ಟಿಗೆ ನೆನಪಿಡುವುದೇ ಚರಿತ್ರೆಗೆ ನಾವು ಸಲ್ಲಿಸುವ ನ್ಯಾಯ.

ಈ ಹವ್ಯಾಸವನ್ನು ಆರಂಭಿಸಬಯಸುವ ನಮ್ಮ ಮಕ್ಕಳಿಗೆ ಎಲಿಯಟ್ ಅವರ ಬದುಕಿನಿಂದ ದೊರೆಯುವ ಪಾಠಗಳು ಸರಳವಾಗಿವೆ. ನಾಣ್ಯವನ್ನು ಹುಣಿಸೆಹಣ್ಣು ಹಾಕಿ ತಿಕ್ಕಿ ಬೆಳಗಬಾರದು. ಹೊಳಪಿನ ಜೊತೆಗೆ ಅಕ್ಷರವೂ ಅಳಿಸಿಹೋಗುತ್ತದೆ, ಬೆಲೆಯೂ ಇಳಿಯುತ್ತದೆ. ಎಲ್ಲಿ, ಯಾರಿಂದ, ಯಾವಾಗ ದೊರೆಯಿತು ಎಂಬುದನ್ನು ಬರೆದಿಡಬೇಕು. ರಾಮಪಟ್ಟಾಭಿಷೇಕದ ಚಿತ್ರವಿರುವ ರಾಮಟಂಕ ಪೂಜೆಗೆ ಮಾಡಿಸಿದ ಬಿಲ್ಲೆಯೇ ಹೊರತು ಚಲಾವಣೆಯ ನಾಣ್ಯವಲ್ಲ. ಅದನ್ನು ಪುರಾತನ ಹೊನ್ನೆಂದು ಮಾರುವವರನ್ನು ನಂಬಬಾರದು. ನೆಲದಲ್ಲಿ ನಿಧಿ ದೊರೆತರೆ 1878ರ ನಿಧಿ ಕಾಯಿದೆಯಂತೆ ಕಲೆಕ್ಟರರಿಗೆ ತಿಳಿಸಬೇಕು. ನೂರು ವರ್ಷ ಮೀರಿದ ನಾಣ್ಯ 1972ರ ಕಾಯಿದೆಯಂತೆ ಪುರಾವಸ್ತು. ಅದನ್ನು ಖಾಸಗಿಯಾಗಿ ವಿದೇಶಕ್ಕೆ ಒಯ್ಯುವಂತಿಲ್ಲ.

ಮುಂದಿನ ಹಬ್ಬಕ್ಕೆ ದೇವರ ಪೆಟ್ಟಿಗೆಯನ್ನು ತೆರೆದಾಗ ಆ ಹಳೆಯ ನಾಣ್ಯವನ್ನು ಮಕ್ಕಳ ಅಂಗೈಯಲ್ಲಿಡಿ. ಮುಂಬದಿಯನ್ನು ನೋಡಿದ ಮೇಲೆ ಹಿಂಬದಿಯನ್ನೂ ತಿರುಗಿಸಿ ನೋಡುವಂತೆ ಹೇಳಿ. ಅಲ್ಲಿ ಒಂದು ಕನ್ನಡ ಅಕ್ಷರ ಕಂಡರೆ ಅದನ್ನು ಓದಲು ಅವರಿಗೆ ಕನ್ನಡ ಬರಬೇಕಲ್ಲವೆ? ಎಲ್ಲಿಂದಲೋ ಬಂದ ಎಲಿಯಟ್ ಅವರು ಅದನ್ನು ಕಲಿತರು. ನಮ್ಮ ಮನೆಯ ಮಕ್ಕಳಿಗೆ ಅದು ಬಾರದೆ ಹೋಗಬಾರದು.