ಚೀಣಾದ ಪಕ್ಷ ವಹಿಸಿದ ಅಮೆರಿಕನ್ ವೈಮಾನಿಕ

ಆಪತ್ತಿಗೆ ಸಿಕ್ಕಿದ ಪರರಾಷ್ಟ್ರಕ್ಕೆ ಬುದ್ಧಿ ಹೇಳಲು ಹೋಗುವವರು ಬಹುಮಂದಿ. ಅಲ್ಲಿಯೇ ನಿಂತು ಎಂಟು ವರ್ಷ ಅದರ ಕಷ್ಟದಲ್ಲಿ ಪಾಲುಗಾರರಾಗುವವರು ವಿರಳ. ಕ್ಲೇರ್ ಲೀ ಶೆನಾಲ್ಟನು ಈ ಎರಡನೆಯ ವರ್ಗಕ್ಕೆ ಸೇರಿದವನು.

ಟೆಕ್ಸಾಸಿನಲ್ಲಿ ಹುಟ್ಟಿ ಲೂಯಿಸಿಯಾನದಲ್ಲಿ ಬೆಳೆದ ಈತನು ಮೊದಲು ಉಪಾಧ್ಯಾಯನಾಗಿದ್ದನು. 1917ರಲ್ಲಿ ಸೈನ್ಯ ಸೇರಿ, ವಿಮಾನವಿದ್ಯೆಯನ್ನು ಕಲಿತು, ಮುಂದೆ ಸೈನ್ಯದ ವೈಮಾನಿಕ ಶಾಲೆಯಲ್ಲಿ ಯುದ್ಧತಂತ್ರದ ಬೋಧಕನಾದನು. ಬಾಂಬು ವಿಮಾನಗಳನ್ನು ತಡೆಯುವುದು ಅಸಾಧ್ಯವೆಂಬುದು ಆಗಿನ ಅಧಿಕಾರಿಗಳ ನಂಬಿಕೆ. ಸಕಾಲದಲ್ಲಿ ಮುನ್ಸೂಚನೆ ದೊರೆತರೆ ಕಾದಾಟದ ವಿಮಾನಗಳು ಅವನ್ನು ಕೆಡಹಬಲ್ಲವೆಂಬುದು ಈತನ ವಾದ. ವಾದವು ಮೇಲಿನವರಿಗೆ ರುಚಿಸಲಿಲ್ಲ, ಕಿವಿಯೂ ಮಂದವಾಗಿತ್ತು. 1937ರಲ್ಲಿ ಕೆಲಸ ಬಿಟ್ಟನು.

ಅದೇ ವರ್ಷ ಚೀಣಾದ ವಿಮಾನದಳವನ್ನು ಪರೀಕ್ಷಿಸಲು ಮೂರು ತಿಂಗಳ ಕರಾರಿನ ಮೇಲೆ ಹೋದನು. ಜುಲೈಯಲ್ಲಿ ಜಪಾನಿನ ಆಕ್ರಮಣ ಮೊದಲಾಯಿತು, ಈತನು ಹಿಂತಿರುಗಲಿಲ್ಲ. ಆರಂಭವಂತೂ ಘೋರವಾಯಿತು. ಆಗಸ್ಟ್ 14ರಂದು ಷಾಂಘೈಯಲ್ಲಿ ಜಪಾನೀ ಯುದ್ಧನೌಕೆಗೆಂದು ಎಸೆದ ಚೀಣೀ ಬಾಂಬುಗಳು ಗುರಿತಪ್ಪಿ, ಜನಸಂದಣಿಯ ಬೀದಿಗಳಲ್ಲಿ ಬಿದ್ದು ನೂರಾರು ನಿರಪರಾಧಿಗಳನ್ನು ಕೊಂದವು. ಆ ದಾಳಿಯ ಆಲೋಚನೆಯಲ್ಲಿ ಈತನ ಕೈಯಿತ್ತೆಂಬುದನ್ನು ಈತನ ಅಭಿಮಾನಿಗಳು ಮರೆಯಬಾರದು.

ತರುವಾಯ ಕುನ್ಮಿಂಗಿನಲ್ಲಿ ಚೀಣೀ ತರುಣರನ್ನು ಶಿಕ್ಷಣಗೊಳಿಸುತ್ತ, ತನ್ನ ಹಳೆಯ ವಾದವನ್ನು ಕಾರ್ಯತಃ ಸಾಧಿಸತೊಡಗಿದನು. ಶತ್ರುವಿಮಾನದ ಸದ್ದು ಕೇಳಿದೊಡನೆ ಹಳ್ಳಿಯ ಕಾವಲುಗಾರರು ಟೆಲಿಫೋನು ರೇಡಿಯೋಗಳಿಂದ ಸುದ್ದಿ ಮುಟ್ಟಿಸುವರು; ಅದು ಠಾಣ್ಯದಿಂದ ಠಾಣ್ಯಕ್ಕೆ ದಾಟಿ ವಿಮಾನನಿಲ್ದಾಣಕ್ಕೆ ತಲುಪುವುದು; ಶತ್ರು ಬರುವಷ್ಟರಲ್ಲಿ ಕಾದಾಟದ ವಿಮಾನಗಳು ಮೇಲೇರಿರುವುವು. ವೀರರ ಚಿತ್ರಗಳು ಪತ್ರಿಕೆಗಳಲ್ಲಿ ಅಚ್ಚಾದವು. ಆ ಹಳ್ಳಿಗರ ಹೆಸರನ್ನು ಯಾರೂ ಬರೆದಿಡಲಿಲ್ಲ.

1941ರಲ್ಲಿ ಅಮೆರಿಕವು ಇನ್ನೂ ತಟಸ್ಥವಾಗಿದ್ದಾಗಲೇ ನೂರು ಪಿ-40 ವಿಮಾನಗಳೂ ಸುಮಾರು ನೂರು ಚಾಲಕರೂ ಈತನಿಗೆ ದೊರೆತರು. ಕಾಗದದ ಮೇಲೆ ಅವರು ವಿಲಿಯಂ ಪಾಲಿ ಎಂಬ ವ್ಯಾಪಾರಿಯ ಕಂಪೆನಿಯ ನೌಕರರು. ಮೈಸೂರು ಸರ್ಕಾರದ ಬೆಂಬಲದಿಂದ ವಾಲಚಂದ ಹೀರಾಚಂದರು 1940ರಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದಾಗ ಅವರೊಡನಿದ್ದವನೂ ಇದೇ ಪಾಲಿ. ಸಂಬಳವಲ್ಲದೆ, ಕೆಡಹಿದ ಪ್ರತಿ ಜಪಾನೀ ವಿಮಾನಕ್ಕೆ 500 ಡಾಲರು. ಇದನ್ನು ಧರ್ಮಯುದ್ಧವೆನ್ನಬೇಕೋ ಕೂಲಿಯೆನ್ನಬೇಕೋ ಎಂಬುದನ್ನು ವಾಚಕರೇ ನಿರ್ಣಯಿಸಲಿ. ಡಿಸೆಂಬರ್ 20ರಂದು ಕುನ್ಮಿಂಗಿನ ಮೇಲೆ ಬಂದ ಜಪಾನೀಯರನ್ನು ಇವರು ಚದುರಿಸಿದರು; 'ಹಾರುವ ಹುಲಿಗಳು' ಎಂಬ ಹೆಸರು ಲೋಕಪ್ರಸಿದ್ಧವಾಯಿತು. ರಂಗೂನನ್ನು ಮಾತ್ರ ಉಳಿಸಲಾಗಲಿಲ್ಲ.

1942ರ ಜುಲೈಯಲ್ಲಿ ಆ ದಳವು ವಿಸರ್ಜಿತವಾಯಿತು. ಮರುವರ್ಷ ಶೆನಾಲ್ಟನು ಅಮೆರಿಕದ ಹದಿನಾಲ್ಕನೆಯ ವಾಯುಸೇನೆಗೆ ಅಧಿಪತಿಯಾದನು. ಅಸ್ಸಾಮಿನಿಂದ ಹಿಮಾಲಯವನ್ನು ಹಾರಿ ಬರುತ್ತಿದ್ದ ಪೆಟ್ರೋಲು ತನಗೇ ಸಲ್ಲಬೇಕೆಂದು ಈತನ ಹಟ. ನೆಲದ ಸೈನ್ಯವಿಲ್ಲದೆ ವಿಮಾನನಿಲ್ದಾಣಗಳು ಉಳಿಯಲಾರವೆಂದು ಜನರಲ್ ಸ್ಟಿಲ್‌ವೆಲನ ಎಚ್ಚರಿಕೆ. 1944ರಲ್ಲಿ ಜಪಾನೀಯರು ಗ್ವೇಲಿನ್ ಮೊದಲಾದ ನಿಲ್ದಾಣಗಳನ್ನು ಕಸಿದುಕೊಂಡರು. ಈ ವಿವಾದದಲ್ಲಿ ನ್ಯಾಯವು ಸ್ಟಿಲ್‌ವೆಲನ ಕಡೆಗಿತ್ತೆಂದು ನಮಗೆ ತೋರುತ್ತದೆ.

1945ರಲ್ಲಿ, ಜಯಕ್ಕೆ ಕೆಲವೇ ದಿನಗಳಿರುವಾಗ, ಈತನು ಪದವಿಯನ್ನು ಬಿಡಬೇಕಾಯಿತು. ಮುಂದೆ ಚೀಣೀ ಮಹಿಳೆಯೊಬ್ಬಳನ್ನು ವರಿಸಿ, ಅಲ್ಲಿಯೇ ವಿಮಾನ ಸಾರಿಗೆಯನ್ನು ನಡೆಸಿ, 1958ರಲ್ಲಿ ಸ್ವದೇಶದಲ್ಲಿ ತೀರಿಕೊಂಡನು. ಆರ್ಲಿಂಗ್ಟನ್ನಿನ ಸಮಾಧಿಶಿಲೆಯ ಹಿಂಬದಿಯಲ್ಲಿ ಈತನ ಹೆಸರನ್ನು ಚೀಣೀ ಲಿಪಿಯಲ್ಲಿ ಕೆತ್ತಿದ್ದಾರೆ.