ಇಮ್ಮಡಿ ಪುಲಕೇಶಿ: ನೋಟ್ಸ್‌ನಲ್ಲಿ ಬಿಟ್ಟುಹೋದ ಎಂಟು ವರ್ಷ

ಕಳೆದ ಸಲ ಸ್ಪರ್ಧಾತ್ಮಕ ಪರೀಕ್ಷೆಗೆ ನನಗೆ ಸಿಕ್ಕ ಕೇಂದ್ರ ಪುಲಕೇಶಿನಗರದಲ್ಲಿತ್ತು. ಜಾಲಹಳ್ಳಿಯಿಂದ ಎರಡು ಬಸ್ ಬದಲಿಸಿ ಹೋಗುವಾಗ ಕೈಯಲ್ಲಿ ಪ್ರಾಚೀನ ಕರ್ನಾಟಕದ ನೋಟ್ಸ್ ಇತ್ತು. ಬಸ್ಸಿನಲ್ಲಿದ್ದವರೆಲ್ಲ ಆ ಜಾಗವನ್ನು ಫ್ರೇಜರ್ ಟೌನ್ ಎಂದೇ ಕರೆಯುತ್ತಿದ್ದರು. ಬಡಾವಣೆಗೆ ಯಾವ ದೊರೆಯ ಹೆಸರಿಟ್ಟಿದ್ದಾರೋ ಅವನ ಬಗ್ಗೆ ನನ್ನ ನೋಟ್ಸ್‌ನಲ್ಲಿ ಇದ್ದದ್ದು ನಾಲ್ಕೇ ಸಾಲು. ನರ್ಮದೆಯ ದಡದಲ್ಲಿ ಹರ್ಷನನ್ನು ತಡೆದ, ಪರಮೇಶ್ವರ ಎಂಬ ಬಿರುದು ಪಡೆದ, ರವಿಕೀರ್ತಿ ಐಹೊಳೆ ಶಾಸನ ಬರೆದ, ಹ್ಯೂಯೆನ್ ತ್ಸಾಂಗ್ ಅವನ ರಾಜ್ಯಕ್ಕೆ ಬಂದಿದ್ದ. ಅಂದು ಅವನ ಬಗ್ಗೆ ಪ್ರಶ್ನೆ ಬರಲಿಲ್ಲ. ನಾನು ಪಾಸೂ ಆಗಲಿಲ್ಲ.

ಫಲಿತಾಂಶ ಬಂದ ಮೇಲೆ ಮನಸ್ಸು ಸರಿಯಿರಲಿಲ್ಲ. ಒಂದು ರಾತ್ರಿ ರೈಲು ಹತ್ತಿ ಬಾದಾಮಿಗೆ ಹೋದೆ. ಬಾದಾಮಿ, ಐಹೊಳೆ, ಪಟ್ಟದಕಲ್ಲು ಮೂರನ್ನೂ ನೋಡಿ ಬಂದ ಮೇಲೆ ಆ ನಾಲ್ಕು ಸಾಲಿನ ಹಿಂದೆ ಎಂಥ ಬದುಕಿತ್ತು ಎಂದು ಹುಡುಕಿ ಓದಿದೆ. ಅದನ್ನು ನನ್ನಂತೆ ಓದುತ್ತಿರುವ ಗೆಳೆಯರಿಗೆ ಹೇಳಬೇಕೆನಿಸಿತು.

ದಾಯಾದಿ ಕಲಹ

ಬಾದಾಮಿಯ ಚಾಲುಕ್ಯರ ಕೋಟೆ ಕಟ್ಟಿಸಿದವನು ಮೊದಲನೆಯ ಪುಲಕೇಶಿ. ಅದು 543ರ ಮಾತು. ಅವನ ಮಗ ಕೀರ್ತಿವರ್ಮ ರಾಜ್ಯವನ್ನು ವಿಸ್ತರಿಸಿದ. ಕೀರ್ತಿವರ್ಮ ತೀರಿಕೊಂಡಾಗ ಅವನ ಮಗ, ನಮ್ಮ ಕಥಾನಾಯಕ ಇಮ್ಮಡಿ ಪುಲಕೇಶಿ, ಇನ್ನೂ ಚಿಕ್ಕವನು. ಹಾಗಾಗಿ ಕೀರ್ತಿವರ್ಮನ ತಮ್ಮ ಮಂಗಳೇಶ ಅಧಿಕಾರ ವಹಿಸಿಕೊಂಡ.

ಈ ಮಂಗಳೇಶನನ್ನು ಸುಮ್ಮನೆ ಖಳನಾಯಕ ಮಾಡಿಬಿಡುವುದು ಸುಲಭ. ಆದರೆ ಬಾದಾಮಿಯ ಮೂರನೆಯ ಗುಹೆಯನ್ನು ನೋಡಿದರೆ ಹಾಗೆ ಹೇಳಲು ಬಾಯಿ ಬರುವುದಿಲ್ಲ. ಆ ವೈಷ್ಣವ ಗುಹೆಯನ್ನು ಅಣ್ಣ ಬದುಕಿದ್ದಾಗಲೇ, 578ರಲ್ಲಿ, ಮಂಗಳೇಶ ಮಾಡಿಸಿದ. ಅದರ ಪುಣ್ಯವೆಲ್ಲ ಅಣ್ಣನಿಗೆ ಸಲ್ಲಲಿ ಎಂದು ಶಾಸನ ಹಾಕಿಸಿದ. ಅರಸನಾಗಿಯೂ ಅವನು ಸಮರ್ಥನೇ. ಕಲಚೂರಿಗಳನ್ನು ಗೆದ್ದ, ಕಡಲಾಚೆಯ ರೇವತೀದ್ವೀಪವನ್ನು ಹಿಡಿದ. ಆದರೆ ಅಣ್ಣನ ಮಗ ಬೆಳೆದು ನಿಂತಾಗ ಸಿಂಹಾಸನ ಬಿಟ್ಟುಕೊಡುವ ಮನಸ್ಸಾಗಲಿಲ್ಲ. ತನ್ನ ಮಗನಿಗೇ ಪಟ್ಟ ಕಟ್ಟಲು ಹೊರಟ.

ಪುಲಕೇಶಿ ಅರಮನೆ ಬಿಟ್ಟು ಹೊರಟ. ಹೊರಗಿದ್ದೇ ಬೆಂಬಲಿಗರನ್ನು ಕೂಡಿಸಿ ಚಿಕ್ಕಪ್ಪನ ಮೇಲೆ ಯುದ್ಧಕ್ಕೆ ಬಂದ. ಮಂಗಳೇಶ ಆ ಯುದ್ಧದಲ್ಲಿ ಮಗನಿಗೆ ಪಟ್ಟ ಕಟ್ಟುವ ಆಸೆ, ರಾಜ್ಯ, ಪ್ರಾಣ ಮೂರನ್ನೂ ಒಟ್ಟಿಗೆ ಕಳೆದುಕೊಂಡ. ಇಂದಿನ ಅನಂತಪುರ ಜಿಲ್ಲೆಯ ಪೆದ್ದವಡುಗೂರಿನ ಶಾಸನವೊಂದು ಎರೆಯ ಎಂಬವನು ರಣವಿಕ್ರಮನನ್ನು ಗೆದ್ದ ಸಂಗತಿ ಹೇಳುತ್ತದೆ. ರಣವಿಕ್ರಮ ಎಂಬುದು ಮಂಗಳೇಶನ ಬಿರುದು. ಎರೆಯ ಎಂಬುದು ಪಟ್ಟಕ್ಕೆ ಬರುವ ಮುಂಚಿನ ಪುಲಕೇಶಿಯ ಹೆಸರೆಂದು ಇತಿಹಾಸಕಾರರು ಗುರುತಿಸಿದ್ದಾರೆ. ಹೀಗೆ ಸುಮಾರು 610ರಲ್ಲಿ ಅವನಿಗೆ ಪಟ್ಟವಾಯಿತು.

ಪಟ್ಟವೇನೋ ಸಿಕ್ಕಿತು, ರಾಜ್ಯ ಕೈಯಲ್ಲಿರಲಿಲ್ಲ. ಮನೆಯೊಳಗೆ ಜಗಳ ನಡೆದಾಗ ಸಾಮಂತರು ಒಬ್ಬೊಬ್ಬರೇ ಕೈ ಬಿಟ್ಟಿದ್ದರು. ಅಪ್ಪಾಯಿಕ, ಗೋವಿಂದ ಎಂಬಿಬ್ಬರು ಆನೆಪಡೆಯೊಂದಿಗೆ ಭೀಮಾ ನದಿಯ ಉತ್ತರಕ್ಕೆ ಬಂದು ನಿಂತರು. ಇಲ್ಲಿ ಪುಲಕೇಶಿಯ ಬುದ್ಧಿ ಕಾಣುತ್ತದೆ. ಅವನು ಇಬ್ಬರ ಜೊತೆಗೂ ಒಂದೇ ರೀತಿ ನಡೆದುಕೊಳ್ಳಲಿಲ್ಲ. ಅಪ್ಪಾಯಿಕನನ್ನು ಬೆದರಿಸಿ ಓಡಿಸಿದ. ಗೋವಿಂದನನ್ನು ತನ್ನ ಕಡೆಗೆ ಸೇರಿಸಿಕೊಂಡು ಉಪಕಾರ ಮಾಡಿದ. ಈ ಒಂದು ಘಟನೆಯನ್ನು ನೆನಪಿಟ್ಟುಕೊಳ್ಳಿ.

ನರ್ಮದೆಯಿಂದ ಕಾವೇರಿವರೆಗೆ

ಆಮೇಲಿನದು ಗೆಲುವಿನ ಪಟ್ಟಿ. ಕದಂಬರ ಬನವಾಸಿ ಬಿತ್ತು. ತುಳುನಾಡಿನ ಆಳುಪರು, ತಲಕಾಡಿನ ಗಂಗರು ಅವನ ಜೊತೆ ಸೇರಿದರು. ನಾವಿರುವ ಬೆಂಗಳೂರಿನ ಸುತ್ತಲ ನೆಲ ಅಂದು ಗಂಗರದ್ದು. ಗಂಗರ ದುರ್ವಿನೀತ ತನ್ನ ಮಗಳನ್ನು ಪುಲಕೇಶಿಗೆ ಕೊಟ್ಟು ಮದುವೆ ಮಾಡಿದ ಎಂದು ಇತಿಹಾಸಕಾರರು ಹೇಳುತ್ತಾರೆ. ಕೊಂಕಣದ ಮೌರ್ಯರ ಮೇಲೆ ನೌಕಾಪಡೆ ಹೋಗಿ ಪಶ್ಚಿಮ ಕಡಲಿನ ಪುರಿ ಪಟ್ಟಣವನ್ನು ಮುತ್ತಿತು. ಲಾಟ, ಮಾಳವ, ಗುರ್ಜರರು ತಲೆಬಾಗಿದರು.

ಉತ್ತರದಿಂದ ಕನೌಜಿನ ಹರ್ಷವರ್ಧನ ದಂಡೆತ್ತಿ ಬಂದಾಗ ಅವನನ್ನು ನರ್ಮದೆಯ ದಾಟಿಗೆ ಬಿಡದೆ ಹಿಮ್ಮೆಟ್ಟಿಸಿದ. ಅಲ್ಲಿಯವರೆಗೆ ಹರ್ಷನಿಗೆ ಇಂಥ ಸೋಲು ಆಗಿರಲಿಲ್ಲ. ಈಚಿನ ವರ್ಷಗಳಲ್ಲಿ ಓದಲಾದ 619ರ ತಾಮ್ರಶಾಸನವೊಂದರ ಆಧಾರದ ಮೇಲೆ ಈ ಯುದ್ಧ 618–619ರ ಚಳಿಗಾಲದಲ್ಲಿ ನಡೆಯಿತೆಂದು ವಿದ್ವಾಂಸರು ಹೇಳುತ್ತಿದ್ದಾರೆ. ಹಳೆಯ ಗೈಡ್‌ಗಳಲ್ಲಿ ಬೇರೆ ಇಸವಿ ಇದ್ದರೆ ಗಮನಿಸಿ.

ಪೂರ್ವದಲ್ಲಿ ಕೋಸಲ, ಕಳಿಂಗ, ಪಿಷ್ಟಪುರ, ಕುನಾಳ ಸರೋವರದ ಪ್ರದೇಶ ಕೈಗೆ ಬಂದವು. ವೆಂಗಿಯ ಆಡಳಿತವನ್ನು ತಮ್ಮ ಕುಬ್ಜ ವಿಷ್ಣುವರ್ಧನನಿಗೆ ವಹಿಸಿದ. ಪಾಲು ಸಿಗದ ದಾಯಾದಿ ಏನು ಮಾಡಬಲ್ಲ ಎಂಬುದು ಅವನಷ್ಟು ಚೆನ್ನಾಗಿ ಯಾರಿಗೆ ಗೊತ್ತಿತ್ತು? ಆ ತಮ್ಮನ ವಂಶವೇ ಮುಂದೆ ಪೂರ್ವ ಚಾಲುಕ್ಯರೆಂದು ಹೆಸರಾಗಿ ನಾಲ್ಕು ಶತಮಾನಕ್ಕೂ ಹೆಚ್ಚು ಕಾಲ ಆಳಿತು.

ಅದೇ ವರ್ಷ, ಕಾನ್‌ಸ್ಟಾಂಟಿನೋಪಲ್‌ನಲ್ಲಿ

ಪುಲಕೇಶಿ ಪಟ್ಟಕ್ಕೆ ಬಂದ ಹೊತ್ತಿಗೇ, 610ರಲ್ಲಿ, ಸಾವಿರಾರು ಮೈಲಿ ದೂರದಲ್ಲಿ ಇನ್ನೊಬ್ಬನಿಗೂ ಪಟ್ಟವಾಯಿತು. ಆಫ್ರಿಕಾದ ಕಾರ್ಥೇಜಿನಿಂದ ಹಡಗುಗಳೊಂದಿಗೆ ಬಂದ ಹೆರಾಕ್ಲಿಯಸ್, ಫೋಕಸ್ ಎಂಬ ದೊರೆಯನ್ನು ಕೊಂದು ಬೈಜಾಂಟಿಯನ್ ಚಕ್ರವರ್ತಿಯಾದ. ಅವನ ರಾಜ್ಯವೂ ಆಗ ಅರ್ಧಕ್ಕರ್ಧ ಕುಸಿದಿತ್ತು. 614ರಲ್ಲಿ ಜೆರುಸಲೇಂ ಪರ್ಷಿಯನ್ನರ ಪಾಲಾಯಿತು. ಹೆರಾಕ್ಲಿಯಸ್ ಎದೆಗುಂದದೆ ಸೈನ್ಯ ಕಟ್ಟಿ 627ರಲ್ಲಿ ನಿನೆವೆಯಲ್ಲಿ ಪರ್ಷಿಯಾವನ್ನು ಸೋಲಿಸಿದ.

ಸೋತ ಆ ಪರ್ಷಿಯಾದ ದೊರೆ ಎರಡನೆಯ ಖುಸ್ರು. ಅವನಿಗೂ ಭಾರತದ ಒಬ್ಬ ಅರಸನಿಗೂ ಪತ್ರವ್ಯವಹಾರ ಇತ್ತೆಂದು ಅರಬ್ ಇತಿಹಾಸಕಾರ ತಬರಿ ಬರೆದಿದ್ದಾನೆ. ಆ ಅರಸ ಪುಲಕೇಶಿಯೇ ಎಂದು ಹಲವು ವಿದ್ವಾಂಸರ ಅಭಿಪ್ರಾಯ. ಅಂದರೆ ಬಾದಾಮಿಯ ಗೆಳೆಯ ಕಾನ್‌ಸ್ಟಾಂಟಿನೋಪಲ್‌ನ ಶತ್ರು. ಜಗತ್ತು ಆಗಲೂ ಅಷ್ಟೊಂದು ದೊಡ್ಡದಾಗಿರಲಿಲ್ಲ.

ಹೆರಾಕ್ಲಿಯಸನ ಗೆಲುವು ಉಳಿಯಲಿಲ್ಲ. 636ರಲ್ಲಿ ಯರ್ಮುಕ್ ಕಾಳಗದಲ್ಲಿ ಅರಬ್ಬರ ಎದುರು ಸೋತು ಸಿರಿಯಾ ಕಳೆದುಕೊಂಡ. ಸುಮಾರು ಅದೇ ಹೊತ್ತಿಗೆ ಅರಬ್ಬರ ಒಂದು ನೌಕಾಪಡೆ ಇತ್ತ ಪಶ್ಚಿಮ ಕರಾವಳಿಯ ಠಾಣೆಗೂ ಬಂದು ಹೋಯಿತು. 641ರಲ್ಲಿ ಹೆರಾಕ್ಲಿಯಸ್ ತೀರಿಕೊಂಡಾಗ ಅವನು ಗೆದ್ದದ್ದರಲ್ಲಿ ಬಹುಪಾಲು ಕೈಬಿಟ್ಟು ಹೋಗಿತ್ತು. ಪುಲಕೇಶಿಗೂ ಉಳಿದಿದ್ದದ್ದು ಇನ್ನೊಂದೇ ವರ್ಷ.

ಶಾಸನ ಇಲ್ಲಿಗೆ ಮುಗಿಯುತ್ತದೆ

ಐಹೊಳೆಯ ಗುಡ್ಡದ ಮೇಲಿನ ಮೇಗುತಿ ಬಸದಿಗೆ ಮೆಟ್ಟಿಲು ಹತ್ತಿ ಹೋದರೆ ಹೊರಗೋಡೆಯಲ್ಲಿ ಆ ಪ್ರಸಿದ್ಧ ಶಾಸನ ಕಾಣುತ್ತದೆ. ಬರೆದವನು ಬಸದಿ ಕಟ್ಟಿಸಿದ ರವಿಕೀರ್ತಿ. ಕಾಲ ಶಕ 556, ಅಂದರೆ 634. ಇದರಲ್ಲಿ ಅವನು ತನ್ನನ್ನು ಕಾಳಿದಾಸ, ಭಾರವಿಯರಿಗೆ ಹೋಲಿಸಿಕೊಂಡಿದ್ದಾನೆ. ಆ ಕವಿಗಳು 634ಕ್ಕಿಂತ ಹಿಂದಿನವರೆಂದು ಖಚಿತವಾಗಿ ಹೇಳಲು ಈ ಶಾಸನ ಸಾಕ್ಷಿ. ಪುಲಕೇಶಿ ಮೂರು ಮಹಾರಾಷ್ಟ್ರಗಳ 99,000 ಹಳ್ಳಿಗಳಿಗೆ ಒಡೆಯನಾದ ಎಂಬ ಲೆಕ್ಕವೂ ಇದರಲ್ಲಿದೆ.

ಕಂಚಿಯ ಪಲ್ಲವರ ವಿಷಯ ಬಂದಾಗ ರವಿಕೀರ್ತಿಗೆ ಬಹಳ ಉತ್ಸಾಹ. ಚಾಲುಕ್ಯ ಸೈನ್ಯದ ಧೂಳಿನಲ್ಲಿ ಪಲ್ಲವ ದೊರೆಯ ಪ್ರತಾಪ ಮುಚ್ಚಿಹೋಯಿತು, ಅವನು ಕೋಟೆಯ ಗೋಡೆಯ ಹಿಂದೆ ಅಡಗಿದ ಎಂದು ಹೇಳುತ್ತಾನೆ. ಆ ದೊರೆ ಮಹೇಂದ್ರವರ್ಮ. ಅಲ್ಲಿಂದ ಪುಲಕೇಶಿ ಕಾವೇರಿ ದಾಟಿ ಚೋಳ, ಕೇರಳ, ಪಾಂಡ್ಯರ ಸ್ನೇಹ ಗಳಿಸಿದ. ನನ್ನ ನೋಟ್ಸ್ ಕೂಡ ಹೆಚ್ಚುಕಡಿಮೆ ಇಲ್ಲಿಗೇ ನಿಂತಿತ್ತು. ಆದರೆ ಅವನು 642ರವರೆಗೂ ಆಳಿದ. ಉಳಿದ ಎಂಟು ವರ್ಷ ಏನಾಯಿತು?

ಭೀಮಾ ತೀರದ ಆ ಘಟನೆಯನ್ನು ಈಗ ನೆನಪಿಸಿಕೊಳ್ಳಿ. ಗೋವಿಂದನನ್ನು ಅವನು ಗೆಳೆಯನಾಗಿ ಮಾಡಿಕೊಂಡಿದ್ದ. ಗಂಗರನ್ನು ನೆಂಟರನ್ನಾಗಿ ಮಾಡಿಕೊಂಡ. ಹರ್ಷನನ್ನು ತಡೆದ ಮೇಲೆ ನರ್ಮದೆಯೇ ಗಡಿಯಾಗಿ ಉಳಿಯಿತು. ಕಂಚಿಯ ವಿಷಯದಲ್ಲಿ ಮಾತ್ರ ಇದ್ಯಾವುದೂ ಆಗಲಿಲ್ಲ. ಅವರನ್ನು ಪೂರ್ತಿ ಗೆಲ್ಲಲೂ ಇಲ್ಲ, ರಾಜಿಯೂ ಆಗಲಿಲ್ಲ. ಅವಮಾನ ಮಾತ್ರ ಆಯಿತು. ಕೋಟೆಯೊಳಗೆ ಅಡಗಿದ್ದ ಮಹೇಂದ್ರವರ್ಮನಿಗೆ ಒಬ್ಬ ಮಗನಿದ್ದ, ನರಸಿಂಹವರ್ಮ.

641ರ ಸುಮಾರಿಗೆ ಚೀನಾದ ಯಾತ್ರಿಕ ಹ್ಯೂಯೆನ್ ತ್ಸಾಂಗ್ ಪುಲಕೇಶಿಯ ರಾಜ್ಯಕ್ಕೆ ಬಂದ. ಇಲ್ಲಿಯ ಜನ ಸ್ವಾಭಿಮಾನಿಗಳು, ಉಪಕಾರ ಮರೆಯದವರು, ಅವಮಾನ ಸಹಿಸದವರು ಎಂದು ಬರೆದ. ಹರ್ಷನಿಗೂ ಜಗ್ಗದ ದೊರೆ ಎಂದು ಪುಲಕೇಶಿಯನ್ನು ಮೆಚ್ಚಿದ. ಯುದ್ಧಕ್ಕೆ ಮೊದಲು ಆನೆಗಳಿಗೆ ಮದ್ಯ ಕುಡಿಸುತ್ತಿದ್ದುದನ್ನೂ ದಾಖಲಿಸಿದ. ಅವಮಾನ ಸಹಿಸದ ಗುಣ ಕಂಚಿಯವರಲ್ಲೂ ಅಷ್ಟೇ ಇತ್ತು.

ಪುಲಕೇಶಿ ಮತ್ತೆ ಪಲ್ಲವರ ಮೇಲೆ ದಂಡೆತ್ತಿ ಹೋದ. ಈ ಸಲ ಎದುರಿಗಿದ್ದವನು ನರಸಿಂಹವರ್ಮ. ಪರಿಯಲ, ಶೂರಮಾರ, ಮಣಿಮಂಗಲಗಳಲ್ಲಿ ಪುಲಕೇಶಿ ಸೋತ. ಮಣಿಮಂಗಲ ಕಂಚಿಗೆ ಹತ್ತಿರದ ಊರು. ಗೆದ್ದ ಪಲ್ಲವರು ಅಲ್ಲಿಗೇ ನಿಲ್ಲದೆ ಅವನನ್ನು ಅಟ್ಟಿಕೊಂಡು ಬಾದಾಮಿಗೇ ಬಂದರು. 642ರಲ್ಲಿ ರಾಜಧಾನಿ ಬಿತ್ತು. ಈ ಯುದ್ಧದಲ್ಲೇ ಪುಲಕೇಶಿ ಮಡಿದನೆಂದು ಇತಿಹಾಸಕಾರರು ಭಾವಿಸುತ್ತಾರೆ. ನರಸಿಂಹವರ್ಮ ವಾತಾಪಿಕೊಂಡ ಎಂಬ ಬಿರುದು ಧರಿಸಿ, ಬಾದಾಮಿಯ ಬಂಡೆಯ ಮೇಲೆಯೇ ತನ್ನ ಶಾಸನ ಕೆತ್ತಿಸಿದ. ಅದೀಗ ಸವೆದುಹೋಗಿದೆ. ಐಹೊಳೆಯ ಶಾಸನ ನೋಡಲು ಬರುವಷ್ಟು ಜನ ಇದನ್ನು ಹುಡುಕಿಕೊಂಡು ಬರುವುದಿಲ್ಲ. ಆದರೆ ಪುಲಕೇಶಿಯ ಬದುಕಿನ ಕೊನೆಯ ಪುಟ ಇದೇ. ಅದನ್ನು ಬರೆದವನು ಅವನ ಶತ್ರು.

ಹದಿಮೂರು ವರ್ಷ

ಆಮೇಲೆ ಸುಮಾರು 13 ವರ್ಷ ಬಾದಾಮಿಯಲ್ಲಿ ಚಾಲುಕ್ಯರ ಆಳ್ವಿಕೆ ಇರಲಿಲ್ಲ. ಪುಲಕೇಶಿಯ ಮಕ್ಕಳು ಒಗ್ಗಟ್ಟಾಗಿಯೂ ಇರಲಿಲ್ಲ. ತಂದೆ ಯಾವ ಬೆಂಕಿಯಿಂದ ಎದ್ದು ಬಂದಿದ್ದನೋ ಅದೇ ಬೆಂಕಿ ಮತ್ತೆ ಮನೆಗೆ ಹೊತ್ತಿತ್ತು. ಕೊನೆಗೆ ಅವರಲ್ಲಿ ವಿಕ್ರಮಾದಿತ್ಯ ಎದ್ದು ನಿಂತ. ಪಲ್ಲವರನ್ನು ಹೊರಗಟ್ಟಿ 655ರಲ್ಲಿ ಬಾದಾಮಿಯಲ್ಲಿ ಪಟ್ಟವೇರಿದ.

ಅವನ ಬೆನ್ನಿಗೆ ನಿಂತವರು ಗಂಗರು, ತಾಯಿಯ ತವರಿನವರು. ಪುಲಕೇಶಿ ಹೆದರಿಸಿ ಗೆದ್ದವರು ಸೋಲಿನ ದಿನ ಬರಲಿಲ್ಲ. ಬಂಧುಗಳನ್ನಾಗಿ ಮಾಡಿಕೊಂಡವರು ಅವನು ಹೋದ ಮೇಲೂ ಅವನ ಮಗನ ಕೈ ಹಿಡಿದರು.

ಕಥೆಗೆ ಇನ್ನೊಂದು ತುದಿಯಿದೆ. ಪುಲಕೇಶಿ ಸತ್ತು ಸುಮಾರು ನೂರು ವರ್ಷದ ಮೇಲೆ ಇದೇ ವಂಶದ ಎರಡನೆಯ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದು ಒಳಗೆ ಕಾಲಿಟ್ಟ. ಬಾದಾಮಿ ಸುಟ್ಟ ನೆನಪು ಆ ಮನೆತನದಲ್ಲಿ ಆರಿರಲಿಕ್ಕಿಲ್ಲ. ಆದರೂ ಅವನು ಊರನ್ನು ನಾಶ ಮಾಡಲಿಲ್ಲ. ಕೈಲಾಸನಾಥ ದೇವಾಲಯದ ಸಂಪತ್ತನ್ನು ನೋಡಿ ದೇವರಿಗೇ ಹಿಂದಿರುಗಿಸಿದ. ಆ ಸಂಗತಿ ಅದೇ ದೇವಾಲಯದ ಕಂಬದ ಮೇಲೆ ಇಂದಿಗೂ ಕನ್ನಡದಲ್ಲಿದೆ. ಆ ಗೆಲುವಿನ ನೆನಪಿಗೆ ಅವನ ರಾಣಿ ಲೋಕಮಹಾದೇವಿ ಕಟ್ಟಿಸಿದ್ದೇ ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯ. ಪುಲಕೇಶಿ ಕಂಚಿಯಲ್ಲಿ ಬಾಕಿ ಉಳಿಸಿದ್ದ ಕೆಲಸವನ್ನು ಅವನ ವಂಶದವನೊಬ್ಬ ನೂರು ವರ್ಷ ತಡವಾಗಿ ಮುಗಿಸಿದ ಎಂದು ನನಗೆ ಅನಿಸಿತು.

ಊರಿಗೆ ಮರಳಿದ ಮೇಲೆ ನೋಟ್ಸ್ ತೆಗೆದು ಆ ನಾಲ್ಕು ಸಾಲಿನ ಕೆಳಗೆ ಇನ್ನೂ ಕೆಲವು ಸಾಲು ಸೇರಿಸಿದೆ. ಮಣಿಮಂಗಲ, 642. ಹದಿಮೂರು ವರ್ಷದ ಬಳಿಕ, 655. ಕಂಚಿಯ ಕಂಬದ ಕನ್ನಡ ಶಾಸನ. ಇವು ಪರೀಕ್ಷೆಯಲ್ಲಿ ಬರುತ್ತವೋ ಇಲ್ಲವೋ ಗೊತ್ತಿಲ್ಲ. ಮುಂದಿನ ತಿಂಗಳು ಮತ್ತೆ ಅರ್ಜಿ ಹಾಕುತ್ತಿದ್ದೇನೆ. ಕೇಂದ್ರ ಪುಲಕೇಶಿನಗರದಲ್ಲೇ ಸಿಕ್ಕರೆ ಈ ಸಲ ಬಸ್ಸಿನಲ್ಲಿ ಆ ಹೆಸರನ್ನೇ ಹೇಳಿ ಟಿಕೆಟ್ ಕೇಳಬೇಕೆಂದಿದ್ದೇನೆ.