ರಾಬರ್ಟೊ ರೊಸೆಲ್ಲಿನಿ

ರಾಬರ್ಟೊ ರೊಸೆಲ್ಲಿನಿ (ಮೇ 8, 1906 – ಜೂನ್ 3, 1977) ಇಟಲಿಯ ಪ್ರಸಿದ್ಧ ಚಲನಚಿತ್ರ ನಿರ್ದೇಶಕರು, ಚಿತ್ರಕಥೆಗಾರರು ಹಾಗೂ ನಿರ್ಮಾಪಕರು. ಎರಡನೆಯ ಮಹಾಯುದ್ಧವನ್ನು ಕುರಿತು ಅವರು ಅಲ್ಪ ಬಂಡವಾಳದಲ್ಲಿ ತಯಾರಿಸಿದ 'ರೋಮ್, ಓಪನ್ ಸಿಟಿ' (1945), 'ಪೈಸಾ' (1946) ಮತ್ತು 'ಜರ್ಮನಿ, ಇಯರ್ ಝೀರೋ' (1948) ಚಿತ್ರಗಳು ಯುದ್ಧ ಚಿತ್ರತ್ರಯವೆಂದು ಹೆಸರಾಗಿವೆ. ನವವಾಸ್ತವವಾದ ಎಂದು ಕರೆಯಲಾಗುವ ಚಲನಚಿತ್ರ ಪಂಥದ ಪ್ರವರ್ತಕರಲ್ಲಿ ಅವರೂ ಒಬ್ಬರು. ಭವ್ಯವಾದ ಸೆಟ್ಟುಗಳಾಗಲಿ ದೊಡ್ಡ ಕಾಳಗದ ದೃಶ್ಯಗಳಾಗಲಿ ಇಲ್ಲದ ಈ ಚಿತ್ರಗಳು ಯುದ್ಧವನ್ನು ಸಾಮಾನ್ಯ ಜನರ ಬದುಕಿನ ಮೂಲಕ ತೋರಿಸಿ ಅನೇಕ ದೇಶಗಳ ಪ್ರೇಕ್ಷಕರನ್ನು ಸೆಳೆದವು.

ಜನನ ಮತ್ತು ಬಾಲ್ಯ

ರೊಸೆಲ್ಲಿನಿ ರೋಮ್ ನಗರದ ಅನುಕೂಲಸ್ಥ ಕುಟುಂಬದಲ್ಲಿ ಜನಿಸಿದರು. ತಂದೆ ಆಂಜೊಲೊ ಜುಸೆಪ್ಪೆ ಕಟ್ಟಡ ನಿರ್ಮಾಣದ ಉದ್ಯಮಿಯಾಗಿದ್ದರು, ತಾಯಿ ಎಲೆಟ್ರಾ. ತಂದೆ ಕಟ್ಟಿಸಿದ ಚಿತ್ರಮಂದಿರದಲ್ಲಿ ಉಚಿತ ಪ್ರವೇಶವಿದ್ದುದರಿಂದ ಬಾಲಕ ರೊಸೆಲ್ಲಿನಿಗೆ ಎಳೆವಯಸ್ಸಿನಲ್ಲಿಯೇ ಸಿನಿಮಾದ ನಂಟು ಬೆಳೆಯಿತು. ತಮ್ಮ ರೆಂಜೊ ಮುಂದೆ ಸಂಗೀತ ಸಂಯೋಜಕರಾಗಿ ಅಣ್ಣನ ಹಲವು ಚಿತ್ರಗಳಿಗೆ ಸಂಗೀತ ಒದಗಿಸಿದರು. ತಂದೆಯ ನಿಧನಾನಂತರ ರೊಸೆಲ್ಲಿನಿ ಜೀವನೋಪಾಯಕ್ಕಾಗಿ ಚಿತ್ರಗಳ ಧ್ವನಿ ವಿಭಾಗದಲ್ಲಿಯೂ ಇತರ ಸಹಾಯಕ ಕೆಲಸಗಳಲ್ಲಿಯೂ ದುಡಿದು, ಚಿತ್ರ ನಿರ್ಮಾಣದ ಒಂದೊಂದು ಹಂತವನ್ನೂ ಕೆಲಸ ಮಾಡುತ್ತಲೇ ಕಲಿತರು.

ಫ್ಯಾಸಿಸ್ಟ್ ಆಡಳಿತದ ಕಾಲದ ಚಿತ್ರಗಳು

ರೊಸೆಲ್ಲಿನಿಯವರ ಆರಂಭದ ಚಿತ್ರಗಳು ಮುಸೊಲಿನಿಯ ಆಡಳಿತ ಕಾಲದಲ್ಲಿ, ಆ ಆಡಳಿತದ ನೆರವಿನಿಂದಲೇ ರೂಪುಗೊಂಡವು. 1938ರ 'ಲುಚಾನೊ ಸೆರ್ರಾ, ಪಿಲೋಟಾ' ಎಂಬ ವಿಮಾನ ಚಾಲಕನ ಕಥೆಗೆ ಅವರು ಸಹಲೇಖಕರಾಗಿ ಮತ್ತು ಸಹಾಯಕರಾಗಿ ದುಡಿದರು. ಸರ್ವಾಧಿಕಾರಿಯ ಮಗನೂ ಚಲನಚಿತ್ರಾಸಕ್ತನೂ ಆಗಿದ್ದ ವಿಟ್ಟೋರಿಯೊ ಮುಸೊಲಿನಿಯ ಸ್ನೇಹ ಅವರಿಗಿತ್ತು.

ಅವರು ನಿರ್ದೇಶಿಸಿದ ಮೊದಲ ಕಥಾಚಿತ್ರ 'ಲಾ ನಾವೆ ಬಿಯಾಂಕಾ' (ಬಿಳಿಯ ಹಡಗು, 1941). ನೌಕಾಪಡೆಯ ಪ್ರಚಾರಕ್ಕಾಗಿ ತಯಾರಾದ ಈ ಚಿತ್ರದಲ್ಲಿ ವೃತ್ತಿನಟರ ಬದಲು ನಿಜವಾದ ನಾವಿಕರೇ ಪಾತ್ರ ವಹಿಸಿದರು. 1942ರ 'ಉನ್ ಪಿಲೋಟಾ ರಿತೋರ್ನಾ' ಚಿತ್ರದ ಕಥೆಯನ್ನು ವಿಟ್ಟೋರಿಯೊ ಮುಸೊಲಿನಿ ತನ್ನ ಹೆಸರಿನ ಅಕ್ಷರಗಳನ್ನು ಅದಲುಬದಲು ಮಾಡಿಕೊಂಡ ಗುಪ್ತನಾಮದಲ್ಲಿ ಒದಗಿಸಿದ್ದನು. 1943ರ 'ಲುವೊಮೊ ದಲ್ಲಾ ಕ್ರೋಚೆ' ರಷ್ಯಾದ ರಣರಂಗದಲ್ಲಿದ್ದ ಸೇನಾ ಪಾದ್ರಿಯೊಬ್ಬನ ಕಥೆ.

ಎರಡೇ ವರ್ಷಗಳ ಅಂತರದಲ್ಲಿ ಇದೇ ನಿರ್ದೇಶಕರು ಫ್ಯಾಸಿಸ್ಟ್ ವಿರೋಧಿ ಹೋರಾಟದ ಚಿತ್ರವನ್ನು ತಯಾರಿಸಿದುದು ವಿಮರ್ಶಕರ ನಡುವೆ ದೀರ್ಘಕಾಲ ಚರ್ಚೆಗೊಳಗಾಗಿದೆ. ಇದನ್ನು ಅವಕಾಶವಾದವೆಂದು ಕೆಲವರು ಪರಿಗಣಿಸಿದರೆ, ಯುದ್ಧವನ್ನು ಕಣ್ಣಾರೆ ಕಂಡವರ ಮನಃಪರಿವರ್ತನೆಯೆಂದು ಮತ್ತೆ ಕೆಲವರು ಭಾವಿಸುತ್ತಾರೆ. ಎರಡೂ ಅವಧಿಗಳಿಗೆ ಸಮಾನವಾದ ಅಂಶಗಳಿವೆ ಎಂಬುದಂತೂ ಸ್ಪಷ್ಟ. ವೃತ್ತಿನಟರಲ್ಲದವರ ಬಳಕೆ, ನೈಜ ತಾಣಗಳಲ್ಲಿನ ಚಿತ್ರೀಕರಣ, ಪಾದ್ರಿಯ ಪಾತ್ರ ಇವೆಲ್ಲವೂ ಮೊದಲ ಚಿತ್ರಗಳಲ್ಲಿಯೇ ಇದ್ದವು.

ರೋಮ್, ಓಪನ್ ಸಿಟಿ

1943ರ ಜುಲೈ 25ರಂದು ಮುಸೊಲಿನಿ ಪದಚ್ಯುತನಾದನು. ಬಾಂಬು ದಾಳಿಯಿಂದ ನಗರವನ್ನು ಉಳಿಸುವ ಉದ್ದೇಶದಿಂದ ಆಗಸ್ಟ್ 14ರಂದು ರೋಮನ್ನು ಮುಕ್ತ ನಗರ, ಎಂದರೆ ಸೈನಿಕ ರಕ್ಷಣೆಯಿಲ್ಲದ ನಗರ ಎಂದು ಘೋಷಿಸಲಾಯಿತು. ಆದರೆ ಸೆಪ್ಟೆಂಬರ್ 8ರಂದು ಇಟಲಿಯ ಕದನವಿರಾಮ ಪ್ರಕಟವಾದೊಡನೆ ಜರ್ಮನ್ ಸೇನೆ ನಗರವನ್ನು ವಶಪಡಿಸಿಕೊಂಡು, 1944ರ ಜೂನ್ 4ರವರೆಗೂ ಆಳಿತು. ಚಿತ್ರದ ಶೀರ್ಷಿಕೆಯಲ್ಲಿರುವ ವ್ಯಂಗ್ಯ ಈ ಒಂಬತ್ತು ತಿಂಗಳುಗಳಿಗೆ ಸಂಬಂಧಿಸಿದ್ದು.

ನಗರ ಬಿಡುಗಡೆಯಾದ ಎಂಟು ತಿಂಗಳೊಳಗೆ, 1945ರ ಜನವರಿಯಲ್ಲಿ, ಚಿತ್ರೀಕರಣ ಪ್ರಾರಂಭವಾಯಿತು. ಉತ್ತರ ಇಟಲಿಯಲ್ಲಿ ಆಗಲೂ ಯುದ್ಧ ನಡೆಯುತ್ತಿತ್ತು. ಸೆರ್ಜೊ ಅಮಿದೇಯಿ ಮತ್ತು ಆಗಿನ್ನೂ ತರುಣರಾಗಿದ್ದ ಫೆಡೆರಿಕೊ ಫೆಲಿನಿ ಚಿತ್ರಕಥೆಯಲ್ಲಿ ಭಾಗಿಗಳಾದರು. ಕಥೆಯ ಮುಖ್ಯ ಪಾತ್ರಗಳಿಗೆ ನಿಜ ವ್ಯಕ್ತಿಗಳೇ ಪ್ರೇರಣೆ. ಬಂಧಿತನಾದ ಪತಿಯನ್ನು ಕಾಣಲು ಹೋಗಿ 1944ರ ಮಾರ್ಚ್ 3ರಂದು ಜರ್ಮನ್ ಸೈನಿಕನ ಗುಂಡಿಗೆ ಬಲಿಯಾದ ತೆರೇಸಾ ಗುಲ್ಲಾಚೆ ಎಂಬ ಗರ್ಭಿಣಿಯಿಂದ ಪೀನಾಳ ಪಾತ್ರ ರೂಪುಗೊಂಡಿತು. ಪಾದ್ರಿ ದೋನ್ ಪಿಯೆತ್ರೊ ಪಾತ್ರಕ್ಕೆ ಅದೇ ವರ್ಷ ಹತ್ಯೆಗೀಡಾದ ಜುಸೆಪ್ಪೆ ಮೊರೊಸೀನಿ ಮತ್ತು ಪಿಯೆತ್ರೊ ಪಪ್ಪಗಾಲ್ಲೊ ಎಂಬ ಇಬ್ಬರು ಪಾದ್ರಿಗಳು ಆಧಾರ. ಪಪ್ಪಗಾಲ್ಲೊ ಅವರು ಆರ್ಡಿಯಟೀನ್ ಗುಹೆಗಳಲ್ಲಿ ಜರ್ಮನ್ನರು ಕೊಂದ 335 ಜನರಲ್ಲಿ ಒಬ್ಬರು.

ಬಂಡವಾಳದ ಕೊರತೆ ತೀವ್ರವಾಗಿತ್ತು. ಪ್ರಸಿದ್ಧ ಚಿನೆಚಿತ್ತಾ ಸ್ಟುಡಿಯೊ ಹಾನಿಗೊಳಗಾಗಿ ನಿರಾಶ್ರಿತರ ಶಿಬಿರವಾಗಿ ಮಾರ್ಪಟ್ಟಿತ್ತು. ಆದ್ದರಿಂದ ಹೊರಾಂಗಣದ ದೃಶ್ಯಗಳನ್ನು ನಗರದ ಬೀದಿಗಳಲ್ಲಿಯೇ ಚಿತ್ರಿಸಲಾಯಿತು. ಕೆಲವು ಒಳಾಂಗಣ ದೃಶ್ಯಗಳಿಗೆ ತಾತ್ಕಾಲಿಕ ಸ್ಟುಡಿಯೊವೊಂದನ್ನು ಬಳಸಿಕೊಳ್ಳಲಾಯಿತು. ಚಿತ್ರೀಕರಣದ ವೇಳೆ ಧ್ವನಿಮುದ್ರಣದ ವೆಚ್ಚವನ್ನು ಉಳಿಸಿ, ಮಾತುಗಳನ್ನು ಅನಂತರ ಡಬ್ಬಿಂಗ್ ಮೂಲಕ ಸೇರಿಸಲಾಯಿತು.

ಛಾಯಾಚಿತ್ರಕಾರರಿಂದ ಕೊಂಡ ತುಂಡು ಫಿಲ್ಮುಗಳನ್ನು ಜೋಡಿಸಿ ಈ ಚಿತ್ರವನ್ನು ತೆಗೆಯಲಾಯಿತೆಂಬ ಕಥೆ ಬಹುಕಾಲ ಪ್ರಚಾರದಲ್ಲಿತ್ತು. 1990ರ ದಶಕದಲ್ಲಿ ಮೂಲ ಪ್ರತಿಯನ್ನು ಸಂರಕ್ಷಿಸುವಾಗ ನಡೆದ ಪರಿಶೀಲನೆಯಲ್ಲಿ ಕೇವಲ ಮೂರು ಬಗೆಯ ಫಿಲ್ಮು ಬಳಕೆಯಾಗಿರುವುದು ಕಂಡುಬಂದಿತು. ದೃಶ್ಯದಿಂದ ದೃಶ್ಯಕ್ಕೆ ಬೆಳಕು ವ್ಯತ್ಯಾಸವಾಗುವುದಕ್ಕೆ ಸಂಸ್ಕರಣೆಯ ದೋಷವೇ ಮುಖ್ಯ ಕಾರಣವೆಂದು ತಿಳಿದುಬಂದಿತು. ಬಡತನ ನಿಜವಾಗಿದ್ದರೂ ಅದರ ಸುತ್ತ ದಂತಕಥೆಯೂ ಬೆಳೆದಿತ್ತು.

ಹಾಸ್ಯಪಾತ್ರಗಳಿಗೆ ಮತ್ತು ರಂಗದ ಮನರಂಜನಾ ಪ್ರದರ್ಶನಗಳಿಗೆ ಹೆಸರಾಗಿದ್ದ ಅನ್ನಾ ಮಾನ್ಯಾನಿ ಹಾಗೂ ಆಲ್ದೊ ಫಾಬ್ರೀತ್ಸಿ ಪ್ರಧಾನ ಪಾತ್ರಗಳಲ್ಲಿ ನಟಿಸಿದರು. ಮದುವೆಯ ದಿನವೇ ಬಂಧಿತನಾದ ವರನನ್ನು ಒಯ್ಯುತ್ತಿರುವ ಲಾರಿಯ ಹಿಂದೆ ಪೀನಾ ಓಡುತ್ತಾಳೆ. ಗುಂಡು ತಗುಲಿ ಬೀದಿಯಲ್ಲಿ ಬೀಳುತ್ತಾಳೆ. ಕಥೆ ಅರ್ಧದಲ್ಲಿರುವಾಗಲೇ, ಯಾವ ಮುನ್ಸೂಚನೆಯೂ ಇಲ್ಲದೆ, ನಾಯಕಿಯೇ ಸಾಯುವ ಈ ದೃಶ್ಯ ಚಲನಚಿತ್ರ ಇತಿಹಾಸದ ಅತ್ಯಂತ ಪ್ರಸಿದ್ಧ ದೃಶ್ಯಗಳಲ್ಲೊಂದು.

ಪೈಸಾ

ಅಮೆರಿಕದ ಸೈನಿಕ ರಾಡ್ ಗೈಗರ್ 'ರೋಮ್, ಓಪನ್ ಸಿಟಿ'ಯ ಪ್ರತಿಯನ್ನು ತನ್ನ ದೇಶಕ್ಕೆ ಕೊಂಡೊಯ್ದನು. ಮುಂದಿನ ಚಿತ್ರಕ್ಕೂ ಆತನ ನೆರವು ದೊರೆಯಿತು. ಪೈಸಾ ಎಂದರೆ ನಮ್ಮೂರಿನವನು, ನಮ್ಮವನು ಎಂಬರ್ಥದ ಆಡುಮಾತು. ಮಿತ್ರಪಡೆಗಳು ಸಿಸಿಲಿಯಿಂದ ಉತ್ತರಕ್ಕೆ ಸಾಗಿದ ದಾರಿಯನ್ನು ಅನುಸರಿಸಿ ಸಿಸಿಲಿ, ನೇಪಲ್ಸ್, ರೋಮ್, ಫ್ಲಾರೆನ್ಸ್, ಅಪೆನೈನ್ ಬೆಟ್ಟಗಳ ಮಠ ಹಾಗೂ ಪೋ ನದಿಯ ಮುಖಜಭೂಮಿಯಲ್ಲಿ ನಡೆಯುವ ಆರು ಕಥೆಗಳು ಇದರಲ್ಲಿವೆ.

ಇಲ್ಲಿನ ಪಾತ್ರಗಳು ಇಟಾಲಿಯನ್, ಇಂಗ್ಲಿಷ್, ಜರ್ಮನ್ ಹಾಗೂ ಪ್ರಾದೇಶಿಕ ನುಡಿಗಳಲ್ಲಿ ಮಾತನಾಡುತ್ತವೆ. ಒಬ್ಬರ ಮಾತು ಮತ್ತೊಬ್ಬರಿಗೆ ತಿಳಿಯದಿರುವುದೇ ಹಲವು ಕಥೆಗಳ ತಿರುಳು. ನೇಪಲ್ಸ್‌ನ ಕಥೆಯಲ್ಲಿ ಅನಾಥ ಬಾಲಕನೊಬ್ಬ ನಿದ್ರಿಸುತ್ತಿದ್ದ ಕಪ್ಪುವರ್ಣೀಯ ಅಮೆರಿಕನ್ ಸೈನಿಕನ ಬೂಟುಗಳನ್ನು ಕದಿಯುತ್ತಾನೆ. ಬಳಿಕ ಹುಡುಗನನ್ನು ಹಿಡಿದು ಅವನ ಮನೆಗೆ ಹೋಗುವ ಸೈನಿಕನಿಗೆ ಗುಹೆಯಲ್ಲಿ ಕಿಕ್ಕಿರಿದು ಬದುಕುತ್ತಿರುವ ನಿರಾಶ್ರಿತರು ಕಾಣುತ್ತಾರೆ. ಹುಡುಗನ ತಂದೆತಾಯಿ ಬಾಂಬು ದಾಳಿಯಲ್ಲಿ ಸತ್ತಿರುವುದು ತಿಳಿಯುತ್ತದೆ. ಸೈನಿಕನು ಬೂಟುಗಳನ್ನು ಅಲ್ಲಿಯೇ ಬಿಟ್ಟು ಹೊರಟುಹೋಗುತ್ತಾನೆ. ಕೊನೆಯ ಕಥೆಯಲ್ಲಿ ಸೆರೆಸಿಕ್ಕ ಪ್ರತಿರೋಧ ಹೋರಾಟಗಾರರನ್ನು ಕೈಕಟ್ಟಿ ನದಿಗೆ ನೂಕಲಾಗುತ್ತದೆ. ವಿಜಯದ ಸಂಭ್ರಮವಿಲ್ಲದೆ ಚಿತ್ರ ಅಲ್ಲಿಗೆ ಮುಗಿಯುತ್ತದೆ.

ಜರ್ಮನಿ, ಇಯರ್ ಝೀರೋ

1946ರಲ್ಲಿ ರೊಸೆಲ್ಲಿನಿಯವರ ಹಿರಿಯ ಮಗ ರೊಮಾನೊ ಒಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡನು. ಮರುವರ್ಷ ಅವರು ಪಾಳುಬಿದ್ದ ಬರ್ಲಿನ್ ನಗರದಲ್ಲಿ ಮೂರನೆಯ ಚಿತ್ರವನ್ನು ಚಿತ್ರಿಸಿ, ಅದನ್ನು ಮಗನ ನೆನಪಿಗೆ ಅರ್ಪಿಸಿದರು. ಕಥಾನಾಯಕ ಹನ್ನೆರಡು ವರ್ಷದ ಎಡ್ಮಂಡ್. ದುರ್ಬಲರು ಬದುಕಬಾರದೆಂಬ ನಾಜಿ ಚಿಂತನೆಯನ್ನು ಹಳೆಯ ಶಿಕ್ಷಕನಿಂದ ಕೇಳಿ, ಅವನು ರೋಗಿಯಾದ ತಂದೆಗೆ ವಿಷವುಣಿಸುತ್ತಾನೆ. ಕಡೆಗೆ ಮುರಿದುಬಿದ್ದ ಕಟ್ಟಡದಿಂದ ಹಾರಿ ಪ್ರಾಣ ಬಿಡುತ್ತಾನೆ. ತಮ್ಮ ದೇಶವನ್ನು ಆಕ್ರಮಿಸಿದ್ದ ರಾಷ್ಟ್ರದ ಬಾಲಕನನ್ನು ಇಟಲಿಯ ನಿರ್ದೇಶಕರೊಬ್ಬರು ಕನಿಕರದಿಂದ ಚಿತ್ರಿಸಿದುದು ಗಮನಾರ್ಹ. ಚಿತ್ರವು 1948ರಲ್ಲಿ ಲೊಕಾರ್ನೊ ಉತ್ಸವದ ಪ್ರಶಸ್ತಿ ಪಡೆಯಿತಾದರೂ ಚಿತ್ರಮಂದಿರಗಳಲ್ಲಿ ಯಶಸ್ವಿಯಾಗಲಿಲ್ಲ.

ಪ್ರೇಕ್ಷಕರ ಸ್ವೀಕೃತಿ

ಇಟಲಿಯಲ್ಲಿ 'ರೋಮ್, ಓಪನ್ ಸಿಟಿ'ಗೆ ವಿಮರ್ಶಕರ ಮೊದಲ ಪ್ರತಿಕ್ರಿಯೆ ಮಿಶ್ರವಾಗಿದ್ದರೂ ಜನರು ಹೆಚ್ಚಿನ ಸಂಖ್ಯೆಯಲ್ಲಿ ಚಿತ್ರಮಂದಿರಕ್ಕೆ ಬಂದರು. 1946ರಲ್ಲಿ ಅದು ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿಯನ್ನು ಇತರ ಹಲವು ಚಿತ್ರಗಳೊಂದಿಗೆ ಹಂಚಿಕೊಂಡಿತು. ನ್ಯೂಯಾರ್ಕ್‌ನಲ್ಲಿ ದೀರ್ಘಕಾಲ ಪ್ರದರ್ಶನ ಕಂಡು, ಚಿತ್ರಕಥೆಗಾಗಿ ಆಸ್ಕರ್ ನಾಮನಿರ್ದೇಶನವನ್ನೂ ಗಳಿಸಿತು.

ಈ ಆಕರ್ಷಣೆಗೆ ಹಲವು ಕಾರಣಗಳನ್ನು ಗುರುತಿಸಬಹುದು. ತೆರೆಯ ಮೇಲಿನ ಬೀದಿ, ಬ್ರೆಡ್ಡಿನ ಅಂಗಡಿ, ಮಹಡಿ ಮೆಟ್ಟಿಲುಗಳು ರೋಮಿನ ಜನರಿಗೆ ನಿತ್ಯ ಪರಿಚಿತವಾದವು. ತಾವು ಪಟ್ಟ ಪಾಡನ್ನೇ ಅವರು ಅಲ್ಲಿ ಕಂಡರು. ಯುದ್ಧದ ವಾರ್ತಾಚಿತ್ರಗಳನ್ನು ನೋಡಿ ಅಭ್ಯಾಸವಾಗಿದ್ದ ಅನ್ಯದೇಶೀಯರಿಗೆ ಒರಟಾದ ಬಿಂಬಗಳು ಸುಳ್ಳೆನಿಸಲಿಲ್ಲ. ಸಾಯಬಾರದವರೂ ಇಲ್ಲಿ ಸಾಯುತ್ತಿದ್ದುದರಿಂದ ಮುಂದೇನಾಗುವುದೆಂದು ಊಹಿಸುವುದು ಸಾಧ್ಯವಿರಲಿಲ್ಲ. ಹಣದ ಅಭಾವವೊಂದರಿಂದಲೇ ಈ ಗುಣಗಳು ಬಂದವೆನ್ನಲಾಗದು. ಅಭಾವವನ್ನು ಮರೆಮಾಚದೆ, ಇದ್ದುದನ್ನು ಇದ್ದಂತೆಯೇ ಬಳಸಿಕೊಂಡ ನಿರ್ದೇಶಕರ ಆಯ್ಕೆಯೂ ಅದರ ಹಿಂದಿತ್ತು.

1952ರಲ್ಲಿ ಮುಂಬಯಿಯಲ್ಲಿ ಪ್ರಾರಂಭವಾಗಿ ಇತರ ನಗರಗಳಿಗೂ ಸಾಗಿದ ಭಾರತದ ಮೊದಲ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಈ ಚಿತ್ರ ಡಿ ಸಿಕಾ ಅವರ 'ಬೈಸಿಕಲ್ ಥೀವ್ಸ್' ಜೊತೆಗೆ ಪ್ರದರ್ಶಿತವಾಯಿತು.

ಇಂಗ್ರಿಡ್ ಬರ್ಗ್‌ಮನ್ ಜೊತೆಗಿನ ಚಿತ್ರಗಳು

ಈ ಯುದ್ಧಚಿತ್ರಗಳನ್ನು ನೋಡಿ ಮೆಚ್ಚಿದ ಹಾಲಿವುಡ್ ತಾರೆ ಇಂಗ್ರಿಡ್ ಬರ್ಗ್‌ಮನ್ 1948ರಲ್ಲಿ ರೊಸೆಲ್ಲಿನಿಯವರಿಗೆ ಪತ್ರ ಬರೆದು ಅವರ ಚಿತ್ರದಲ್ಲಿ ನಟಿಸಲು ಇಚ್ಛಿಸಿದರು. ಇಬ್ಬರೂ ವಿವಾಹಿತರಾಗಿದ್ದ ಕಾರಣ ಅವರ ಪ್ರೇಮ ಅಮೆರಿಕದಲ್ಲಿ ತೀವ್ರ ಖಂಡನೆಗೆ ಗುರಿಯಾಯಿತು. 1950ರಲ್ಲಿ ಅವರು ಮದುವೆಯಾದರು. ನಟಿ ಇಸಬೆಲ್ಲಾ ರೊಸೆಲ್ಲಿನಿ ಈ ದಂಪತಿಗಳ ಮಗಳು. 'ಸ್ಟ್ರೊಂಬೊಲಿ', 'ಯೂರೋಪಾ 51', 'ಜರ್ನಿ ಟು ಇಟಲಿ' ಈ ಅವಧಿಯ ಪ್ರಮುಖ ಚಿತ್ರಗಳು. ಬಿಡುಗಡೆಯಾದಾಗ ಸೋತ ಇವು ಮುಂದೆ ಫ್ರಾನ್ಸಿನ ಯುವ ವಿಮರ್ಶಕರ ಗೌರವಕ್ಕೆ ಪಾತ್ರವಾದವು.

ಭಾರತದ ನಂಟು

ಪ್ರಧಾನಿ ಜವಾಹರಲಾಲ್ ನೆಹರೂ ಅವರ ಆಹ್ವಾನದ ಮೇರೆಗೆ ರೊಸೆಲ್ಲಿನಿ 1956ರ ಡಿಸೆಂಬರ್‌ನಲ್ಲಿ ಭಾರತಕ್ಕೆ ಬಂದರು. ಇಲ್ಲಿ ಚಿತ್ರಿಸಿದ 'ಇಂಡಿಯಾ: ಮಾತೃಭೂಮಿ' 1959ರಲ್ಲಿ ತೆರೆಕಂಡಿತು. ಆನೆಯ ಮಾವುತ, ಹಿರಾಕುಡ್ ಅಣೆಕಟ್ಟಿನ ಕೆಲಸಗಾರ ಮುಂತಾದವರನ್ನು ಕುರಿತ ನಾಲ್ಕು ಕಥೆಗಳು ಇದರಲ್ಲಿವೆ. ಇದೇ ಸಮಯದಲ್ಲಿ ಅವರು ಸೊನಾಲಿ ದಾಸ್‌ಗುಪ್ತಾ ಅವರನ್ನು ಪ್ರೀತಿಸಿದುದು ದೇಶದ ಪತ್ರಿಕೆಗಳಲ್ಲಿ ದೊಡ್ಡ ವಿವಾದವಾಯಿತು. ಬರ್ಗ್‌ಮನ್ ಜೊತೆಗಿನ ದಾಂಪತ್ಯ 1957ರಲ್ಲಿ ಮುರಿದುಬಿತ್ತು.

ಮರಳಿ ಯುದ್ಧದ ಕಥೆಗೆ

1959ರ 'ಜನರಲ್ ದೆಲ್ಲಾ ರೋವೆರೆ' ಅವರಿಗೆ ಜನಪ್ರಿಯತೆಯನ್ನು ಮರಳಿ ತಂದಿತು. ಸಣ್ಣಪುಟ್ಟ ವಂಚನೆಗಳಿಂದ ಬದುಕುವವನೊಬ್ಬನನ್ನು ಜರ್ಮನ್ನರು ಹಿಡಿದು, ಪ್ರತಿರೋಧದ ಸೇನಾನಿಯಂತೆ ನಟಿಸಲು ಮಿಲಾನಿನ ಸೆರೆಮನೆಗೆ ಕಳುಹಿಸುತ್ತಾರೆ. ಆ ವೇಷ ಅವನನ್ನೇ ಬದಲಿಸುತ್ತದೆ. ಸಹಬಂದಿಗಳಿಗೆ ದ್ರೋಹ ಬಗೆಯದೆ ಅವನು ಮರಣವನ್ನು ಆರಿಸಿಕೊಳ್ಳುತ್ತಾನೆ. ಈ ಪಾತ್ರವನ್ನು ವಿಟ್ಟೋರಿಯೊ ಡಿ ಸಿಕಾ ನಿರ್ವಹಿಸಿದರು. ವೆನಿಸ್ ಉತ್ಸವದ ಸ್ವರ್ಣಸಿಂಹ ಪ್ರಶಸ್ತಿಯನ್ನು ಈ ಚಿತ್ರ ಮಾರಿಯೊ ಮೊನಿಚೆಲ್ಲಿಯವರ 'ಲಾ ಗ್ರಾಂದೆ ಗ್ವೆರ್ರಾ' ಜೊತೆ ಹಂಚಿಕೊಂಡಿತು. 1960ರ 'ಎರಾ ನೊಟ್ಟೆ ಆ ರೋಮಾ' ರೋಮಿನಲ್ಲಿ ಅಡಗಿಕೊಂಡ ಮೂವರು ಯುದ್ಧಕೈದಿಗಳ ಕಥೆ.

ದೂರದರ್ಶನ ಮತ್ತು ನಿಧನ

1960ರ ದಶಕದಲ್ಲಿ ರೊಸೆಲ್ಲಿನಿ ಜ್ಞಾನಪ್ರಸಾರದ ಸಾಧನವೆಂದು ದೂರದರ್ಶನ ಮಾಧ್ಯಮದತ್ತ ತಿರುಗಿದರು. ಹದಿನಾಲ್ಕನೆಯ ಲೂಯಿ, ಸಾಕ್ರಟೀಸ್, ಪಾಸ್ಕಲ್, ಡೆಕಾರ್ಟ್ ಮೊದಲಾದವರನ್ನು ಕುರಿತು ಮಿತವ್ಯಯದ ಚಿತ್ರಗಳನ್ನು ನಿರ್ಮಿಸಿದರು. 1977ರ ಕಾನ್ ಉತ್ಸವದಲ್ಲಿ ತೀರ್ಪುಗಾರರ ಮಂಡಳಿಯ ಅಧ್ಯಕ್ಷರಾಗಿದ್ದರು. ಅಲ್ಲಿಂದ ಹಿಂದಿರುಗಿದ ಕೆಲವೇ ದಿನಗಳಲ್ಲಿ, ಜೂನ್ 3ರಂದು, ರೋಮಿನಲ್ಲಿ ಹೃದಯಾಘಾತದಿಂದ ನಿಧನರಾದರು.

ಪ್ರಭಾವ

ಫ್ರಾನ್ಸಿನ ತ್ರುಫೊ ಮತ್ತು ಗೊದಾರ್, ಅಮೆರಿಕದ ಮಾರ್ಟಿನ್ ಸ್ಕೊರ್ಸೆಸೆ ಮುಂತಾದ ನಿರ್ದೇಶಕರು ರೊಸೆಲ್ಲಿನಿಯವರ ಋಣವನ್ನು ಸ್ಮರಿಸಿದ್ದಾರೆ. 1960ರ ದಶಕದ ಉತ್ತರಾರ್ಧದಿಂದ ಇಟಲಿಯಲ್ಲಿ ಮತ್ತೊಂದು ಬಗೆಯ ಅಲ್ಪವೆಚ್ಚದ ಯುದ್ಧಚಿತ್ರಗಳು ತಯಾರಾದವು. ಹಾಲಿವುಡ್‌ನ 'ದ ಡರ್ಟಿ ಡಜನ್' (1967) ಮಾದರಿಯ ಸಾಹಸ ಕಥೆಗಳು ಇವುಗಳಲ್ಲಿ ಹೆಚ್ಚು. ಎಂಜೊ ಕಾಸ್ತೆಲ್ಲಾರಿ ಅವರ 1978ರ ಇಂಥದೊಂದು ಚಿತ್ರದ ಇಂಗ್ಲಿಷ್ ಶೀರ್ಷಿಕೆಯನ್ನು ಕ್ವೆಂಟಿನ್ ಟ್ಯಾರಂಟಿನೊ 2009ರಲ್ಲಿ ಅಕ್ಷರ ಬದಲಿಸಿ ಬಳಸಿಕೊಂಡರು. ಆ ಚಿತ್ರಗಳ ಆಕರ್ಷಣೆ ಸಾಹಸ ಮತ್ತು ವೇಗದಲ್ಲಿತ್ತು. ರೊಸೆಲ್ಲಿನಿಯವರ ಚಿತ್ರಗಳಲ್ಲಿ ಗುಂಡು ಹಾರುವುದು ಕ್ಷಣಮಾತ್ರ. ಅದರ ನಂತರ ಉಳಿದವರ ಕಡೆಗೇ ಕ್ಯಾಮೆರಾ ತಿರುಗುತ್ತದೆ. 'ರೋಮ್, ಓಪನ್ ಸಿಟಿ'ಯ ಕೊನೆಯಲ್ಲಿ ಪಾದ್ರಿಯ ಹತ್ಯೆಯನ್ನು ಬೇಲಿಯಾಚೆಯಿಂದ ಕಂಡ ಮಕ್ಕಳು ಒಬ್ಬರನ್ನೊಬ್ಬರು ಆತುಕೊಂಡು ನಗರದ ಕಡೆಗೆ ನಡೆದುಹೋಗುತ್ತಾರೆ.

ಯುದ್ಧ ಕುರಿತ ಪ್ರಮುಖ ಚಿತ್ರಗಳು

ಲಾ ನಾವೆ ಬಿಯಾಂಕಾ (1941)
ಉನ್ ಪಿಲೋಟಾ ರಿತೋರ್ನಾ (1942)
ಲುವೊಮೊ ದಲ್ಲಾ ಕ್ರೋಚೆ (1943)
ರೋಮ್, ಓಪನ್ ಸಿಟಿ (1945)
ಪೈಸಾ (1946)
ಜರ್ಮನಿ, ಇಯರ್ ಝೀರೋ (1948)
ಜನರಲ್ ದೆಲ್ಲಾ ರೋವೆರೆ (1959)
ಎರಾ ನೊಟ್ಟೆ ಆ ರೋಮಾ (1960)